ಐಟಿ ಸರ್ಟಿಫಿಕೇಷನ್: ಪರೀಕ್ಷೆಗೆ ಹಣ ಕಟ್ಟುವ ಮುನ್ನ, ಕಟ್ಟಿದ ಮೇಲೆ

ಹೆಲ್ಪ್‌ಡೆಸ್ಕ್ ಹುದ್ದೆಗೆ ಬಂದವರನ್ನು ಸಂದರ್ಶಿಸುವಾಗ ನಾನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ‘ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ಇಂಟರ್ನೆಟ್ ಬರುತ್ತಿಲ್ಲ. ಅದರ ಐಪಿ ವಿಳಾಸ 169.254 ಎಂದು ಶುರುವಾಗುತ್ತಿದೆ. ಮೊದಲು ಏನನ್ನು ನೋಡುತ್ತೀರಿ?’ ರೆಸ್ಯೂಮೆಯ ನೆತ್ತಿಯ ಮೇಲೆ ನಾಲ್ಕು ಸರ್ಟಿಫಿಕೇಟ್‌ಗಳನ್ನು ಪೇರಿಸಿಕೊಂಡು ಬಂದಿದ್ದ ಯುವಕನೊಬ್ಬ, ಅಂಥ ವಿಳಾಸಕ್ಕೆ ಏನೆನ್ನುತ್ತಾರೆ ಎಂಬುದನ್ನು ಒಂದಕ್ಷರ ತಪ್ಪದೆ ಒಪ್ಪಿಸಿದ; ಯಾವ ಕೇಬಲ್ ಮುಟ್ಟಿ ನೋಡಬೇಕು, ಯಾವ ಕಮಾಂಡ್ ಕೊಡಬೇಕು ಎಂದಾಗ ಮಾತ್ರ ಮೇಜನ್ನು ನೋಡುತ್ತ ಕುಳಿತ. ಇಂಥವರನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಓದಿನಲ್ಲಿ ಅವರು ಹಿಂದಿಲ್ಲ; ತಯಾರಿಯ ಕ್ರಮದಲ್ಲಿ ಎಡವಿರುತ್ತಾರೆ.

ಆರಂಭಿಕ ಹಂತದ ಸರ್ಟಿಫಿಕೇಟ್‌ನಿಂದ ಕೆಲಸ ಸಿಗುತ್ತದೆಯೇ ಎಂದು ಕೇಳಿದರೆ ನನ್ನ ಉತ್ತರ ಹೀಗೆ: ಅನುಭವವಾಗಲಿ ಸಂಬಂಧಪಟ್ಟ ಪದವಿಯಾಗಲಿ ಇಲ್ಲದವರ ಅರ್ಜಿ ಮೊದಲ ಜರಡಿಯಲ್ಲೇ ಉದುರಿಹೋಗದಂತೆ ಅದು ತಡೆಯುತ್ತದೆ, ಮತ್ತು ಏನನ್ನು ಯಾವ ಕ್ರಮದಲ್ಲಿ ಕಲಿಯಬೇಕೆಂಬುದಕ್ಕೆ ಒಂದು ಪಠ್ಯಕ್ರಮವನ್ನು ಒದಗಿಸುತ್ತದೆ. ಈ ಎರಡಕ್ಕಿಂತ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸಬಾರದು. ಆದರೆ ಈ ಎರಡೂ ಬೇಕಾದವರಿಗೆ ಅದು ಖಂಡಿತ ದಂಡವಲ್ಲ.

ಹೆಜ್ಜೆ 1: ಕೆಲಸವನ್ನು ಮೊದಲು ಗುರುತಿಸಿ

ನಿಮಗೆ ಬೇಕಿರುವುದು ಪ್ರೋಗ್ರಾಮಿಂಗ್ ಕೆಲಸವಾದರೆ ಈ ಲೇಖನವನ್ನು ಇಲ್ಲಿಗೇ ಬಿಟ್ಟು, ಆ ಹೊತ್ತನ್ನು ಒಂದು ಸಣ್ಣ ತಂತ್ರಾಂಶ ಬರೆಯಲು ಬಳಸಿಕೊಳ್ಳಿ. ಅಲ್ಲಿ ನೋಡುವುದು ನೀವು ಬರೆದ ಕೋಡನ್ನು. ಹೆಲ್ಪ್‌ಡೆಸ್ಕ್, ಡೆಸ್ಕ್‌ಟಾಪ್ ಸಪೋರ್ಟ್, ನೆಟ್‌ವರ್ಕ್ ನಿರ್ವಹಣೆ, ಕ್ಲೌಡ್ ನಿರ್ವಹಣೆ, ಭದ್ರತೆ ಇವುಗಳಲ್ಲಿ ಮಾತ್ರ ಸರ್ಟಿಫಿಕೇಟಿನ ಮಾತಿಗೆ ಅರ್ಥವಿದೆ.

ನೀವು ನಿಜಕ್ಕೂ ಅರ್ಜಿ ಹಾಕಬಲ್ಲ ಮೂವತ್ತು ಉದ್ಯೋಗ ಪ್ರಕಟಣೆಗಳನ್ನು ಒಟ್ಟುಮಾಡಿ, ಯಾವ ಸರ್ಟಿಫಿಕೇಟಿನ ಹೆಸರು ಎಷ್ಟು ಬಾರಿ ಬಂದಿದೆ ಎಂದು ಕಾಗದದ ಮೇಲೆ ಗೆರೆ ಎಳೆದು ಎಣಿಸಿ. ‘ಕಡ್ಡಾಯ’ ಎಂದಿರುವುದಕ್ಕೂ ‘ಇದ್ದರೆ ಒಳ್ಳೆಯದು’ ಎಂದಿರುವುದಕ್ಕೂ ಬೇರೆ ಬೇರೆ ಕಾಲಂ ಇರಲಿ. ಐದು ವರ್ಷ ಅನುಭವ ಕೇಳುವ ಪ್ರಕಟಣೆಯನ್ನು ಎಣಿಕೆಗೆ ಸೇರಿಸಬೇಡಿ. ಅಲ್ಲಿ ಕಾಣುವ ಹೆಸರು ನಿಮ್ಮನ್ನು ದಾರಿ ತಪ್ಪಿಸುತ್ತದೆ. ಒಂದು ಸಂಜೆಯ ಈ ಕೆಲಸವನ್ನು ಹೆಚ್ಚಿನವರು ಮಾಡುವುದಿಲ್ಲ. ಗೆಳೆಯ ಯಾವುದನ್ನು ಮಾಡಿದನೋ ಅದನ್ನೇ ತಾವೂ ಮಾಡಲು ಹೊರಡುತ್ತಾರೆ.

ಹೆಜ್ಜೆ 2: ಒಂದನ್ನು, ಒಂದನ್ನೇ ಆರಿಸಿಕೊಳ್ಳಿ

ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಕಂಪ್ಯೂಟರಿನ ಒಳಭಾಗವನ್ನು ಒಮ್ಮೆಯೂ ಬಿಚ್ಚಿ ನೋಡದವರಿಗೆ ಕಾಂಪ್‌ಟಿಯಾ ಸಂಸ್ಥೆಯ ಎ ಪ್ಲಸ್ ಸೂಕ್ತ. ಅದು ಕೋರ್ 1, ಕೋರ್ 2 ಎಂಬ ಎರಡು ಪರೀಕ್ಷೆಗಳ ಜೋಡಿ. ಪ್ರತಿಯೊಂದಕ್ಕೂ 90 ನಿಮಿಷ, ಗರಿಷ್ಠ 90 ಪ್ರಶ್ನೆ. 900ರ ಮಾಪಕದಲ್ಲಿ ಮೊದಲನೆಯದಕ್ಕೆ 675, ಎರಡನೆಯದಕ್ಕೆ 700 ಬಂದರೆ ತೇರ್ಗಡೆ. ಎರಡು ಪರೀಕ್ಷೆ ಎಂದರೆ ಎರಡು ಶುಲ್ಕ ಎಂಬುದನ್ನು ಲೆಕ್ಕ ಹಾಕುವಾಗಲೇ ನೆನಪಿಡಿ. ಎರಡನ್ನೂ ಒಂದೇ ಸರಣಿಯಲ್ಲಿ ಬರೆಯಬೇಕೆಂಬುದನ್ನೂ ಮರೆಯಬೇಡಿ: 2025ರ ಮಾರ್ಚ್‌ನಲ್ಲಿ 220-1201 ಮತ್ತು 220-1202 ಎಂಬ ಹೊಸ ಜೋಡಿ ಬಂದಿದ್ದು, ಹಳೆಯ ಸರಣಿಯ ಕೋರ್ 1ಕ್ಕೆ ಹೊಸ ಸರಣಿಯ ಕೋರ್ 2 ಕೂಡಿಕೊಳ್ಳುವುದಿಲ್ಲ. ಹಳೆಯ ಪುಸ್ತಕ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವವರು ಮೊದಲು ಮುಖಪುಟದ ಈ ಸಂಖ್ಯೆಯನ್ನು ನೋಡಲಿ.

ಕಂಪ್ಯೂಟರ್ ವಿಷಯದಲ್ಲಿ ಪದವಿಯಿದ್ದವರು, ಮನೆಯವರ ಯಂತ್ರಗಳನ್ನೆಲ್ಲ ತಾವೇ ರಿಪೇರಿ ಮಾಡಿಕೊಳ್ಳುವವರು ಎ ಪ್ಲಸ್ ಮಾಡಬೇಕಿಲ್ಲ. ಅಂಥವರು ನೇರವಾಗಿ ಸಿಸ್ಕೋ ಕಂಪನಿಯ ನೆಟ್‌ವರ್ಕ್ ಸರ್ಟಿಫಿಕೇಟ್ ಆದ ಸಿಸಿಎನ್‌ಎಗೆ ಹೋಗಲಿ ಎಂಬುದು ನನ್ನ ಪಟ್ಟು. ಅದು ಹೆಚ್ಚು ಕಷ್ಟ, ತಿಂಗಳುಗಟ್ಟಲೆ ಓದು ಬೇಡುತ್ತದೆ. ಆದರೆ ಅದನ್ನು ಪ್ರಾಮಾಣಿಕವಾಗಿ ಮುಗಿಸಿದವರಿಗೆ ನೆಟ್‌ವರ್ಕ್ ಹೇಗೆ ನಡೆಯುತ್ತದೆ ಎಂಬುದು ಗೊತ್ತಿರುತ್ತದೆ. 2020ರ ಫೆಬ್ರವರಿಯಲ್ಲಿ ಹಳೆಯ ಹಲವು ಕವಲುಗಳು ಸೇರಿ 200-301 ಎಂಬ ಒಂದೇ ಪರೀಕ್ಷೆಯಾದವು; ನೀವು ನೋಡಬೇಕಾದದ್ದು ಆ ಸಂಖ್ಯೆಯನ್ನು.

ಮೈಕ್ರೋಸಾಫ್ಟ್‌ನ ಎಝಡ್-900, ಅಮೆಜಾನ್‌ನ ಕ್ಲೌಡ್ ಪ್ರ್ಯಾಕ್ಟೀಷನರ್ ಇವು ಕ್ಲೌಡ್ ಪರಿಭಾಷೆಯ ಪರಿಚಯಕ್ಕೆ ಚೆನ್ನ. ಮಾರಾಟ ವಿಭಾಗದವರಿಗೂ ಹೊಂದುವಂತೆ ರೂಪಿಸಿದ ಪರೀಕ್ಷೆಗಳಿವು ಎಂಬುದನ್ನು ಸಂದರ್ಶಕರು ಬಲ್ಲರು. ಇನ್ನು ಕಾಂಪ್‌ಟಿಯಾದ ಭದ್ರತಾ ಸರ್ಟಿಫಿಕೇಟ್ ಆದ ಸೆಕ್ಯುರಿಟಿ ಪ್ಲಸ್. ಅದನ್ನೇ ಮೊಟ್ಟಮೊದಲ ಸರ್ಟಿಫಿಕೇಟ್ ಆಗಿ ಮಾಡಿ ಭದ್ರತಾ ಕೆಲಸಕ್ಕೆ ಕಾಯುತ್ತ ಕುಳಿತವರು ತುಂಬ ಮಂದಿ. ಕಾಂಪ್‌ಟಿಯಾದವರೇ ಅದಕ್ಕೆ ಮುನ್ನ ನೆಟ್‌ವರ್ಕ್ ಪ್ಲಸ್ ಮತ್ತು ಒಂದಿಷ್ಟು ಅನುಭವ ಇರಲಿ ಎನ್ನುತ್ತಾರೆ. ಆ ಸಲಹೆಯನ್ನು ಕಡೆಗಣಿಸಬೇಡಿ.

ಕೋರ್ಸ್ ಮುಗಿಸಿದ್ದಕ್ಕೆ ಕೊಡುವ ಪ್ರಮಾಣಪತ್ರ ಬೇರೆ, ಮೇಲ್ವಿಚಾರಕರ ಕಣ್ಗಾವಲಿನಲ್ಲಿ ಪರೀಕ್ಷೆ ಬರೆದು ಗಳಿಸುವ ಸರ್ಟಿಫಿಕೇಟ್ ಬೇರೆ. ಕೋರ್ಸೆರಾದಲ್ಲಿ 2018ರಿಂದ ಇರುವ ಗೂಗಲ್ ಐಟಿ ಸಪೋರ್ಟ್ ಮೊದಲನೆಯ ಬಗೆಯದು. ಏನೂ ಗೊತ್ತಿಲ್ಲದವರು ಈ ಕ್ಷೇತ್ರ ತಮಗೆ ಒಗ್ಗುತ್ತದೆಯೇ ಎಂದು ನೋಡಲು ಅದು ಸೊಗಸಾದ ಕೋರ್ಸ್. ಆದರೆ ‘ಜೀವಮಾನವಿಡೀ ಮಾನ್ಯ’, ‘ಕೆಲಸ ಗ್ಯಾರಂಟಿ’ ಎಂದು ಜಾಹೀರಾತು ಕೊಡುವ, ಹೆಸರೇ ಕೇಳಿರದ ಸರ್ಟಿಫಿಕೇಟ್‌ಗಳಿಗೆ ಕೈ ಮುಗಿದು ದೂರವಿರಿ.

ಹೆಜ್ಜೆ 3: ಓದು

ಪರೀಕ್ಷೆ ನಡೆಸುವ ಸಂಸ್ಥೆಯ ತಾಣದಲ್ಲಿ ಪಠ್ಯವಿಷಯಗಳ ಪಟ್ಟಿ ಉಚಿತವಾಗಿ ಸಿಗುತ್ತದೆ. ಅದನ್ನು ಮುದ್ರಿಸಿಕೊಂಡು, ಒಂದು ಪುಸ್ತಕ, ಒಂದು ವಿಡಿಯೊ ಸರಣಿ ಇಟ್ಟುಕೊಂಡು ಸಾಲು ಸಾಲಾಗಿ ಮುಗಿಸಿ. ಇದರಲ್ಲಿ ಹೇಳಿಕೊಡುವಂಥದ್ದು ಹೆಚ್ಚೇನಿಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕು. ‘ಡಂಪ್ಸ್’ ಎಂದು ಮಾರುವ, ನಿಜವಾದ ಪರೀಕ್ಷೆಯಿಂದ ಕದ್ದ ಪ್ರಶ್ನೆಗಳ ಕಟ್ಟುಗಳನ್ನು ಮುಟ್ಟಬೇಡಿ. ಅವುಗಳ ಬಳಕೆ ಪರೀಕ್ಷಾರ್ಥಿ ಒಪ್ಪಂದದ ಉಲ್ಲಂಘನೆ. ಸಿಕ್ಕಿಬಿದ್ದರೆ ಸರ್ಟಿಫಿಕೇಟ್ ರದ್ದಾಗುತ್ತದೆ. ಹಿಂದೊಮ್ಮೆ ಸಹೋದ್ಯೋಗಿಯೊಬ್ಬರು ದುಡ್ಡು ಕೊಟ್ಟು ತಂದಿದ್ದ ಅಂಥ ಕಟ್ಟೊಂದನ್ನು ನಾನು ಕುತೂಹಲಕ್ಕೆಂದು ತಿರುವಿಹಾಕಿದಾಗ, ಮೊದಲ ಪುಟದಲ್ಲೇ ಎರಡು ಉತ್ತರಗಳು ತಪ್ಪಾಗಿದ್ದವು. ಅವುಗಳನ್ನು ಅವರು ಅಷ್ಟೇ ನಿಷ್ಠೆಯಿಂದ ಬಾಯಿಪಾಠ ಮಾಡಿದ್ದರು.

ಹೆಜ್ಜೆ 4: ಕೆಡಿಸಿ, ಸರಿಪಡಿಸಿ

ಎಲ್ಲರೂ ಹಾರಿಸಿಬಿಡುವ ಹೆಜ್ಜೆ ಇದು. ಓದುವುದನ್ನು ಮುಗಿಸಿ ಆಮೇಲೆ ಪ್ರಯೋಗಕ್ಕೆ ಕೈ ಹಾಕೋಣ ಎಂದುಕೊಂಡವರು ಆ ‘ಆಮೇಲೆ’ಯನ್ನು ಎಂದೂ ತಲುಪುವುದಿಲ್ಲ. ಆದ್ದರಿಂದ ಓದಿನ ಎರಡನೆಯ ವಾರದಲ್ಲೇ ಇದನ್ನು ಶುರುಮಾಡಿ.

ಹೊಸ ರೂಟರ್, ಸ್ವಿಚ್ ಕೊಳ್ಳುವ ಅಗತ್ಯವಿಲ್ಲ. 16 ಜಿಬಿ ರ್‍ಯಾಮ್ ಇರುವ ಸಾಮಾನ್ಯ ಕಂಪ್ಯೂಟರ್ ಧಾರಾಳ ಸಾಕು. 8 ಜಿಬಿಯಲ್ಲೂ ತಾಳ್ಮೆಯಿದ್ದರೆ ನಡೆಯುತ್ತದೆ. ಕಂಪ್ಯೂಟರಿನೊಳಗೇ ಬೇರೆ ಕಂಪ್ಯೂಟರುಗಳನ್ನು (ವರ್ಚುವಲ್ ಯಂತ್ರಗಳನ್ನು) ನಡೆಸುವ ವರ್ಚುವಲ್‌ಬಾಕ್ಸ್ ಎಂಬ ಉಚಿತ ತಂತ್ರಾಂಶವನ್ನು ಹಾಕಿ, ಅದರಲ್ಲಿ ಒಂದು ಲಿನಕ್ಸ್ ಯಂತ್ರವನ್ನೂ ಒಂದು ವಿಂಡೋಸ್ ಯಂತ್ರವನ್ನೂ ಸೃಷ್ಟಿಸಿ. ವಿಂಡೋಸ್‌ಗೆ ಮೈಕ್ರೋಸಾಫ್ಟ್ ತಾನೇ ಕೊಡುವ ಮೌಲ್ಯಮಾಪನ ಆವೃತ್ತಿ ಸಾಕು. ಕದ್ದ ಪ್ರತಿ ಬೇಡ. ವರ್ಚುವಲ್ ಯಂತ್ರ ಶುರುವಾಗುವುದೇ ಇಲ್ಲ ಎಂದು ಬಹಳ ಮಂದಿ ಇಲ್ಲಿಯೇ ಕೈಚೆಲ್ಲುತ್ತಾರೆ. ಕಾರಣ ಸಾಮಾನ್ಯವಾಗಿ ಒಂದೇ: ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್‌ಗಳಲ್ಲಿ) ವರ್ಚುವಲೈಸೇಷನ್ ಎಂಬ ಆಯ್ಕೆ ಆಫ್ ಆಗಿರುತ್ತದೆ. ಅದನ್ನು ಆನ್ ಮಾಡಿ.

ಎರಡೂ ಯಂತ್ರಗಳನ್ನು ‘ಇಂಟರ್ನಲ್ ನೆಟ್‌ವರ್ಕ್’ನಲ್ಲಿ ಜೋಡಿಸಿ, ಲಿನಕ್ಸ್ ಯಂತ್ರಕ್ಕೆ 192.168.10.1 ಎಂಬ ಸ್ಥಿರ ವಿಳಾಸ ಕೊಟ್ಟು, ಅದರಲ್ಲಿ ಡಿಎನ್‌ಎಸ್‌ಮಾಸ್ಕ್ ಎಂಬ ಪುಟ್ಟ ತಂತ್ರಾಂಶವನ್ನು ಅಳವಡಿಸಿ. (ಅಳವಡಿಸುವಷ್ಟು ಹೊತ್ತು ಮಾತ್ರ ಆ ಯಂತ್ರಕ್ಕೆ ಇಂಟರ್ನೆಟ್ ಬೇಕು.) ಯಂತ್ರಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ, ಹೆಸರಿನಿಂದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಎರಡೂ ಸೇವೆಗಳನ್ನು ಅದೊಂದೇ ನೋಡಿಕೊಳ್ಳುತ್ತದೆ. ವಿಂಡೋಸ್ ಯಂತ್ರ ತಾನಾಗಿ ವಿಳಾಸ ಪಡೆದು, ಲಿನಕ್ಸ್ ಯಂತ್ರವನ್ನು ಹೆಸರು ಹಿಡಿದು ಪಿಂಗ್ ಮಾಡಬಲ್ಲದು (ಕರೆದು ಉತ್ತರ ಪಡೆಯಬಲ್ಲದು) ಎಂದಾದಾಗ ಎರಡರ ಸ್ನ್ಯಾಪ್‌ಶಾಟ್ ತೆಗೆದಿಟ್ಟುಕೊಳ್ಳಿ; ಯಂತ್ರವನ್ನು ಆ ಕ್ಷಣದ ಸ್ಥಿತಿಗೆ ಮರಳಿಸುವ ಪ್ರತಿ ಅದು. ಇನ್ನು ಧೈರ್ಯವಾಗಿ ಕೆಡಿಸಬಹುದು.

ಮೊದಲು ಡಿಎಚ್‌ಸಿಪಿ. ಡಿಎನ್‌ಎಸ್‌ಮಾಸ್ಕ್‌ನ ಕಡತದಲ್ಲಿ ವಿಳಾಸಗಳ ವ್ಯಾಪ್ತಿಯನ್ನು ಹೇಳುವ ಸಾಲನ್ನು ನಿಷ್ಕ್ರಿಯಗೊಳಿಸಿ, ಸೇವೆಯನ್ನು ಮತ್ತೆ ಶುರುಮಾಡಿ. ವಿಂಡೋಸ್ ಯಂತ್ರಕ್ಕೆ ಬಂದು ನೋಡಿದರೆ ಎಲ್ಲವೂ ಮೊದಲಿನಂತೆಯೇ ನಡೆಯುತ್ತಿರುತ್ತದೆ. ಕಲಿಯುವವರು ಗಲಿಬಿಲಿಗೊಳ್ಳುವುದು ಇಲ್ಲೇ. ವಿಳಾಸವನ್ನು ಡಿಎಚ್‌ಸಿಪಿ ಒಂದು ಅವಧಿಗೆ ಗುತ್ತಿಗೆ ಕೊಡುತ್ತದೆ. ಡಿಎನ್‌ಎಸ್‌ಮಾಸ್ಕ್‌ನಲ್ಲಿ ನೀವು ಬೇರೇನೂ ಹೇಳದಿದ್ದರೆ ಆ ಅವಧಿ ಒಂದು ಗಂಟೆ. ಗುತ್ತಿಗೆಯ ಅರ್ಧ ಅವಧಿ ಕಳೆದಾಗ ಯಂತ್ರ ಅದನ್ನು ನವೀಕರಿಸಲು ಪ್ರಯತ್ನಿಸುತ್ತದೆ. ಉತ್ತರ ಬರದಿದ್ದರೂ ಅವಧಿ ಮುಗಿಯುವ ತನಕ ಹಳೆಯ ವಿಳಾಸವನ್ನೇ ಇಟ್ಟುಕೊಂಡಿರುತ್ತದೆ. ಐಪಿಕಾನ್ಫಿಗ್ ಕಮಾಂಡಿಗೆ ರಿಲೀಸ್ ಸೇರಿಸಿ ಒಮ್ಮೆ, ರಿನ್ಯೂ ಸೇರಿಸಿ ಇನ್ನೊಮ್ಮೆ ಕೊಡಿ. ಸ್ವಲ್ಪ ಹೊತ್ತು ತಡಕಾಡಿ ವಿಂಡೋಸ್ ತನಗೆ ತಾನೇ 169.254 ಎಂದು ಶುರುವಾಗುವ ವಿಳಾಸವನ್ನು ಕೊಟ್ಟುಕೊಳ್ಳುತ್ತದೆ. ಕಚೇರಿಯಲ್ಲಿ ಡಿಎಚ್‌ಸಿಪಿ ಸರ್ವರ್ ಬಿದ್ದಾಗ ಎಲ್ಲರಿಗೂ ಒಟ್ಟಿಗೆ ತೊಂದರೆಯಾಗದೆ ಒಬ್ಬೊಬ್ಬರೇ ಫೋನ್ ಮಾಡುತ್ತ ಹೋಗುವುದು ಏಕೆಂದು ಇದನ್ನು ಕಣ್ಣಾರೆ ಕಂಡವರಿಗೆ ಹೇಳಿಕೊಡಬೇಕಿಲ್ಲ.

ಸ್ನ್ಯಾಪ್‌ಶಾಟ್‌ಗೆ ಮರಳಿ, ಈಗ ವಿಂಡೋಸ್ ಯಂತ್ರದಲ್ಲಿ ಡಿಎನ್‌ಎಸ್ ಸರ್ವರಿನ ವಿಳಾಸವನ್ನು ಕೈಯಾರೆ ತಪ್ಪಾಗಿ ಬರೆಯಿರಿ. ಸಂಖ್ಯೆಯಿಂದ ಪಿಂಗ್ ಮಾಡಿದರೆ ಉತ್ತರ ಬರುತ್ತದೆ, ಹೆಸರಿನಿಂದ ಬರುವುದಿಲ್ಲ. ಹೆಸರಿನಿಂದಲೂ ಬಂದರೆ ಹಳೆಯ ಉತ್ತರ ಕ್ಯಾಶ್‌ನಲ್ಲಿ (ತಾತ್ಕಾಲಿಕ ನೆನಪಿನಲ್ಲಿ) ಉಳಿದಿರಬಹುದು; ಐಪಿಕಾನ್ಫಿಗ್‌ಗೆ ಫ್ಲಶ್‌ಡಿಎನ್‌ಎಸ್ ಸೇರಿಸಿ ಕೊಟ್ಟು ಅದನ್ನು ತೊಳೆದುಹಾಕಿ ಮತ್ತೆ ನೋಡಿ.

ಮೂರನೆಯದು ನನಗೆ ಅಚ್ಚುಮೆಚ್ಚಿನದು. ವಿಂಡೋಸ್ ಯಂತ್ರಕ್ಕೆ 192.168.10.130 ಎಂಬ ವಿಳಾಸವನ್ನೂ 255.255.255.128 ಎಂಬ ಸಬ್‌ನೆಟ್ ಮಾಸ್ಕನ್ನೂ (ಯಾವ ವಿಳಾಸಗಳು ತನ್ನದೇ ನೆಟ್‌ವರ್ಕಿನವು ಎಂದು ಯಂತ್ರಕ್ಕೆ ತಿಳಿಸುವ ಸಂಖ್ಯೆ) ಕೈಯಾರೆ ಕೊಡಿ. ಗೇಟ್‌ವೇ, ಅಂದರೆ ಹೊರಗಿನ ನೆಟ್‌ವರ್ಕಿಗೆ ದಾರಿ ತೋರುವ ಯಂತ್ರದ ವಿಳಾಸ, ಖಾಲಿ ಇರಲಿ. ಮೊದಲ ನೋಟಕ್ಕೆ ಎರಡೂ ವಿಳಾಸಗಳು ಒಂದೇ ಮನೆತನದವಂತೆ ಕಾಣುತ್ತವೆ, ಆದರೂ ಲಿನಕ್ಸ್ ಯಂತ್ರ ಸಿಗುವುದಿಲ್ಲ. ಆ ಮಾಸ್ಕಿನ ಪ್ರಕಾರ 129ರಿಂದ 254ರವರೆಗಿನವರಷ್ಟೇ ಈ ಯಂತ್ರದ ನೆರೆಹೊರೆ. 1ನೇ ಸಂಖ್ಯೆ ಪರವೂರು, ಅಲ್ಲಿಗೆ ಹೋಗಲು ದಾರಿಯಿಲ್ಲ. ಸಬ್‌ನೆಟ್ ಲೆಕ್ಕವನ್ನು ಹತ್ತಾರು ಸಲ ಬರೆದರೂ ತಲೆಗೆ ಹತ್ತದವರಿಗೆ ಈ ಒಂದು ಪ್ರಯೋಗದಲ್ಲಿ ಅದು ಅರ್ಥವಾಗಿದ್ದನ್ನು ನೋಡಿದ್ದೇನೆ.

ಪ್ರತಿ ಪ್ರಯೋಗ ಮುಗಿದ ಕೂಡಲೇ ಅರ್ಧ ಪುಟ ಬರೆದಿಡಿ: ಬಳಕೆದಾರರು ತಮ್ಮ ಮಾತಿನಲ್ಲಿ ಹೇಗೆ ದೂರುತ್ತಿದ್ದರು, ನೀವು ಮೊದಲು ಏನನ್ನು ಪರೀಕ್ಷಿಸಿದಿರಿ, ಅದರಿಂದ ಯಾವ ಕಾರಣವನ್ನು ಪಟ್ಟಿಯಿಂದ ತೆಗೆದುಹಾಕಿದಿರಿ, ಕೊನೆಗೆ ಏನು ಮಾಡಿದಿರಿ, ಎಷ್ಟು ಹೊತ್ತು ಹಿಡಿಯಿತು. ಹೆಲ್ಪ್‌ಡೆಸ್ಕ್‌ನಲ್ಲಿ ಟಿಕೆಟ್ ಮುಚ್ಚುವಾಗ ಬರೆಯುವುದೂ ಇದನ್ನೇ. ದಾರಿ ತಪ್ಪಿದ ಪ್ರಸಂಗಗಳನ್ನು ಅಳಿಸಬೇಡಿ. ಲಿನಕ್ಸ್‌ನಿಂದ ವಿಂಡೋಸ್ ಯಂತ್ರಕ್ಕೆ ಪಿಂಗ್ ಮಾಡಿ, ಉತ್ತರ ಬಾರದೆ, ಅದು ಸತ್ತೇಹೋಗಿದೆ ಎಂದು ಅರ್ಧ ಗಂಟೆ ಜೋಡಣೆಯನ್ನು ತಡಕಿ, ಕೊನೆಗೆ ವಿಂಡೋಸ್‌ನ ಫೈರ್‌ವಾಲ್ ಪಿಂಗನ್ನು ತಡೆಯುತ್ತಿದೆ ಎಂದು ಕಂಡುಕೊಂಡ ಕಥೆ ಸಂದರ್ಶಕರಿಗೆ ಎಲ್ಲಕ್ಕಿಂತ ರುಚಿಸುತ್ತದೆ. ಇಂಥ ಹದಿನೈದು ಟಿಪ್ಪಣಿಗಳಾಗುವ ತನಕ ಪರೀಕ್ಷೆಯ ದಿನಾಂಕ ಗೊತ್ತುಮಾಡಬೇಡಿ. ಸಿಸಿಎನ್‌ಎ ಹಿಡಿದವರು ಇದೇ ಕ್ರಮವನ್ನು ನೆಟ್‌ವರ್ಕನ್ನು ಕಂಪ್ಯೂಟರಿನಲ್ಲೇ ಅನುಕರಿಸುವ, ಸಿಸ್ಕೋದ ಉಚಿತ ಪ್ಯಾಕೆಟ್ ಟ್ರೇಸರ್‌ನಲ್ಲಿ ಅನುಸರಿಸಬಹುದು.

ಹೆಜ್ಜೆ 5: ಪರೀಕ್ಷೆ

ಓದಲು ಒತ್ತಡವಿರಲಿ ಎಂದು ವೋಚರನ್ನು (ಪರೀಕ್ಷಾ ಶುಲ್ಕಕ್ಕೆ ಬದಲಾಗಿ ಬಳಸುವ ಕೂಪನ್ನನ್ನು) ಮೊದಲೇ ಕೊಳ್ಳುವ ಉಪಾಯವನ್ನು ನಾನೂ ಮಾಡಿದ್ದೆ. ಅದರ ಅವಧಿ ಮುಗಿದು ಹಣ ಹೋಯಿತು. ಮಾಕ್ ಟೆಸ್ಟ್‌ನಲ್ಲಿ ಸತತವಾಗಿ ಶೇ 85 ದಾಟಿದ ಮೇಲೆ ಕೊಂಡರೆ ಸಾಕು. ಕಾಂಪ್‌ಟಿಯಾ ಪರೀಕ್ಷೆಗಳಲ್ಲಿ ಪ್ರಾಯೋಗಿಕ ಪ್ರಶ್ನೆಗಳು ಸಾಮಾನ್ಯವಾಗಿ ಆರಂಭದಲ್ಲೇ ಎದುರಾಗಿ ಸಮಯ ನುಂಗುತ್ತವೆ. ಗುರುತು ಹಾಕಿ ಮುಂದೆ ಹೋಗಿ, ಕೊನೆಗೆ ಮರಳಿ ಬನ್ನಿ. ಸಿಸ್ಕೋ ಪರೀಕ್ಷೆಯಲ್ಲಿ ಹಾಗೆ ಹಿಂದಕ್ಕೆ ಬರಲು ಅವಕಾಶವಿಲ್ಲ.

ಹೆಜ್ಜೆ 6: ರೆಸ್ಯೂಮೆ

ಸರ್ಟಿಫಿಕೇಟಿಗೆ ಒಂದು ಸಾಲು ಕೊಡಿ: ಹೆಸರು, ತೇರ್ಗಡೆಯಾದ ತಿಂಗಳು, ಪರಿಶೀಲನೆಯ ಕೊಂಡಿ. ಅದರ ಕೆಳಗೆ ನಾಲ್ಕು ಸಾಲು ನಿಮ್ಮ ಪ್ರಯೋಗಗಳಿಗಿರಲಿ. ‘ನೆಟ್‌ವರ್ಕಿಂಗ್ ಜ್ಞಾನವಿದೆ’ ಎಂಬ ವಾಕ್ಯದಿಂದ ಓದುವವರಿಗೆ ಏನೂ ತಿಳಿಯುವುದಿಲ್ಲ. ‘ಎರಡು ಯಂತ್ರಗಳ ಲ್ಯಾಬ್‌ನಲ್ಲಿ ಡಿಎಚ್‌ಸಿಪಿ, ಡಿಎನ್‌ಎಸ್, ಸಬ್‌ನೆಟ್ ದೋಷಗಳನ್ನು ಸೃಷ್ಟಿಸಿ, ಪತ್ತೆಹಚ್ಚಿ, ಹದಿನೈದು ಟಿಪ್ಪಣಿ ದಾಖಲಿಸಿದ್ದೇನೆ’ ಎಂದು ಬರೆದವರನ್ನು ನಾನು ಕರೆದು ಮಾತನಾಡಿಸುತ್ತೇನೆ.

ಅರ್ಜಿಗಳನ್ನು ಹಾಕಿಯೂ ಕರೆ ಬಾರದಿದ್ದರೆ ಗಾಬರಿಯಿಂದ ಮುಂದಿನ ಸರ್ಟಿಫಿಕೇಟಿಗೆ ಹಣ ಕಟ್ಟಬೇಡಿ. ಮೊದಲ ಹೆಜ್ಜೆಯ ಎಣಿಕೆಯನ್ನು ಹೊಸ ಪ್ರಕಟಣೆಗಳೊಂದಿಗೆ ಮತ್ತೊಮ್ಮೆ ಮಾಡಿ, ಅಲ್ಲಿ ಪದೇ ಪದೇ ಕಾಣುವ, ನಿಮ್ಮ ಟಿಪ್ಪಣಿಗಳಲ್ಲಿಲ್ಲದ ಒಂದು ವಿಷಯವನ್ನು ಲ್ಯಾಬ್‌ಗೆ ಸೇರಿಸಿ. ಎ ಪ್ಲಸ್, ಸಿಸಿಎನ್‌ಎ ಎರಡರ ಅವಧಿಯೂ ಮೂರು ವರ್ಷ. ಅಷ್ಟರೊಳಗೆ ಕೆಲಸ ಸಿಕ್ಕಿದ್ದರೆ, ನವೀಕರಣದ ಶುಲ್ಕವನ್ನು ಕಂಪನಿ ಭರಿಸುತ್ತದೆಯೇ ಎಂದು ಕೇಳಿ. ಭರಿಸದಿದ್ದರೆ, ನಿಮ್ಮ ಕೆಲಸಕ್ಕೆ ಅದು ಈಗ ಬೇಕಿಲ್ಲದಿದ್ದರೆ, ಎ ಪ್ಲಸ್ ಅನ್ನು ಹಾಗೆಯೇ ಮುಗಿಯಲು ಬಿಡಬಹುದು. ನಾನು ನನ್ನದನ್ನು ಬಿಟ್ಟಿದ್ದೇನೆ.