ದಂಪತಿಗಳ ಉತ್ತರ ಹೊಂದಿಸಿ ನೋಡಿದ ನನ್ನ ಅನುಭವ

ಒಬ್ಬರಿಗೆ ಮಾತ್ರ ಎಚ್‌ಐವಿ ಸೋಂಕಿರುವ ದಂಪತಿಗಳು ತಮ್ಮ ಲೈಂಗಿಕ ವರ್ತನೆಯ ಬಗ್ಗೆ ಹೇಳುವುದನ್ನು ನೆಚ್ಚಿ ಯಾವ ಲೆಕ್ಕವನ್ನೂ ಕಟ್ಟಲಾಗದು ಎಂದು ಹಿರಿಯ ಸಹೋದ್ಯೋಗಿಗಳು ಹೇಳುತ್ತಲೇ ಇದ್ದರು. ನಮ್ಮ ಸಮೀಕ್ಷೆಯ ಕಳೆದ ಸುತ್ತಿನಲ್ಲಿ ಹತ್ತಕ್ಕೆ ಎಂಟರಷ್ಟು ಜೋಡಿಗಳ ಉತ್ತರ ಪರಸ್ಪರ ಹೊಂದಿದ ಮೇಲೆ ಅವರೇ ನಮ್ಮ ವಿಧಾನವನ್ನು ಕೇಳುತ್ತಿದ್ದಾರೆ.

ಮೊದಲು ಕಳೆದ 3 ತಿಂಗಳಲ್ಲಿ ಎಷ್ಟು ಸಲ ಸಂಭೋಗ ನಡೆಯಿತು ಎಂದು ಲೆಕ್ಕ ಕೇಳುತ್ತಿದ್ದಾಗ ಸಂಖ್ಯೆಗಳೆಲ್ಲ 5, 10, 20ರಲ್ಲೇ ಗುಡ್ಡೆ ಬೀಳುತ್ತಿದ್ದವು. ಕಾಂಡೋಮ್ ಬಗ್ಗೆ ಬಹುತೇಕ ಎಲ್ಲರದೂ 'ಪ್ರತಿ ಸಲ' ಎಂಬ ಉತ್ತರ. ದಿನಚರಿ ಪುಸ್ತಕ ಕೊಟ್ಟರೆ ಭೇಟಿಯ ಹಿಂದಿನ ರಾತ್ರಿ ಒಂದೇ ಶಾಯಿಯಲ್ಲಿ ತುಂಬಿ ತರುತ್ತಿದ್ದರು. ಹೆಡ್‌ಫೋನ್‌ನಲ್ಲಿ ಪ್ರಶ್ನೆ ಕೇಳಿಸುವ ಟ್ಯಾಬ್ಲೆಟ್‌ಗಳು ಅನುದಾನದ ಮೂರನೇ ಒಂದು ಭಾಗವನ್ನು ನುಂಗಿದವು. ಆದರೆ ಪರದೆ ಒತ್ತಲು ಅಂಜಿದವರು ಸಿಬ್ಬಂದಿಯನ್ನೇ ಪಕ್ಕಕ್ಕೆ ಕರೆದುಕೊಂಡಿದ್ದರಿಂದ ಗೋಪ್ಯತೆಯೇ ಉಳಿಯಲಿಲ್ಲ.

ಫಲ ಕೊಟ್ಟದ್ದು ಖರ್ಚಿಲ್ಲದ ಬದಲಾವಣೆ. ಕಾಂಡೋಮ್ ಬಳಸಿ ಎಂದು ಬುದ್ಧಿ ಹೇಳಿದ ಆಪ್ತಸಮಾಲೋಚಕರನ್ನು ಸಂದರ್ಶನದಿಂದ ಹೊರಗಿಟ್ಟು, ಗಂಡ ಹೆಂಡತಿಯನ್ನು ಏಕಕಾಲಕ್ಕೆ ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ, ನಿನ್ನೆ ರಾತ್ರಿಯಿಂದ ಹಿಂದಕ್ಕೆ 7 ದಿನ, ಯಾರು ಎಲ್ಲಿ ಮಲಗಿದ್ದರು ಎಂಬುದರಿಂದ ಆರಂಭಿಸಿ ದಿನದಿನದ ವಿವರ ಕೇಳಿದೆವು. ಈ ಉತ್ತರ ಚಿಕಿತ್ಸೆಯ ಕಡತಕ್ಕೆ ಹೋಗದು ಎಂಬುದನ್ನು ಮನವರಿಕೆ ಮಾಡಲು ನಾವು ಬಳಸುವ ಮಾತುಗಳನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅವು ತಂಡದ ಬಹುಕಾಲದ ಗಳಿಕೆ.

ಇಬ್ಬರ ಉತ್ತರ ಹೊಂದಿದರೆ ಅದೇ ಸತ್ಯವಾಗಬೇಕೆಂದಿಲ್ಲ, ಮನೆಯಲ್ಲೇ ಮಾತಾಡಿಕೊಂಡು ಬಂದಿರಬಹುದು. ಅದಕ್ಕಾಗಿ ಒಪ್ಪಿದ ಮಹಿಳೆಯರಿಂದ ಯೋನಿಸ್ರಾವದ ಸ್ವಾಬ್ ಪಡೆದು ಪಿಎಸ್‌ಎ (ವೀರ್ಯದಲ್ಲಿರುವ ಒಂದು ಪ್ರೋಟೀನ್) ಪರೀಕ್ಷೆ ಮಾಡಿಸಿದೆವು. ವೀರ್ಯದ ಈ ಗುರುತು ಸುಮಾರು 48 ಗಂಟೆಗಳಲ್ಲಿ ಮಾಯವಾಗುವುದರಿಂದ ಕೊನೆಯ ಎರಡು ದಿನಗಳ ಉತ್ತರವನ್ನಷ್ಟೇ ತಾಳೆ ನೋಡಬಹುದು. ಗಂಡಸಿನ ಡಿಎನ್‌ಎ ಹುಡುಕುವ ವೈ ಕ್ರೋಮೋಸೋಮ್ ಪರೀಕ್ಷೆ ಎರಡು ವಾರದವರೆಗೂ ಹಿಡಿಯಬಲ್ಲದು, ಆದರೆ ಖರ್ಚು ಹಲವು ಪಟ್ಟು. ಬೆರಳೆಣಿಕೆಯ ಮಾದರಿಗಳಿಗೆ ನಿಲ್ಲಿಸಿದೆವು. 'ಪ್ರತಿ ಸಲ' ಎಂದವರಲ್ಲಿ ಹಳೆಯ ಪ್ರಶ್ನಾವಳಿಯಲ್ಲಿ ನಾಲ್ವರಿಗೆ ಒಬ್ಬರಂತೆ ಪಿಎಸ್‌ಎ ಕಂಡಿತ್ತು, ಈಗ ಹತ್ತಕ್ಕೆ ಒಬ್ಬರಿಗಿಂತ ಕಡಿಮೆ.

ಎಆರ್‌ಟಿಯಿಂದ (ಎಚ್‌ಐವಿಯನ್ನು ಹತ್ತಿಕ್ಕುವ ಔಷಧ ಚಿಕಿತ್ಸೆ) ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ ಪ್ರಮಾಣ, ಪತ್ತೆಯಾಗದ ಮಟ್ಟದಲ್ಲೇ ಉಳಿದರೆ ಸಂಗಾತಿಗೆ ಲೈಂಗಿಕವಾಗಿ ಸೋಂಕು ಹರಡದು ಎಂದು ವೈದ್ಯರಿಂದ ಕೇಳಿ ಕಾಂಡೋಮ್ ಬಿಟ್ಟವರೂ ಹಳೆಯ ಬೋಧನೆಗೆ ಅಂಜಿ ನಮ್ಮೆದುರು ಮುಚ್ಚಿಡುತ್ತಿದ್ದುದು ನನ್ನನ್ನು ಬಹಳ ಕಾಡಿದೆ. ಹೊರಗಿನ ಸಂಬಂಧದ ಪ್ರಶ್ನೆಗೆ ಈ ವಿಧಾನ ಒಗ್ಗುವುದಿಲ್ಲ. ಅದಕ್ಕೆ ಹೆಸರಿಲ್ಲದ ಚೀಟಿಯ ಪೆಟ್ಟಿಗೆಯನ್ನು ಈಗ ಪ್ರಯತ್ನಿಸುತ್ತಿದ್ದೇವೆ. ಹೊಂದದ ಉತ್ತರಗಳನ್ನು ಸರಾಸರಿ ಮಾಡದೆ ಎರಡನ್ನೂ ದಾಖಲಿಸುತ್ತೇವೆ, ಒಬ್ಬರ ಉತ್ತರದ ಸುಳಿವನ್ನು ಇನ್ನೊಬ್ಬರಿಗೆ ಯಾವ ಕಾರಣಕ್ಕೂ ಕೊಡುವುದಿಲ್ಲ.