ಬೇಡದ್ದನ್ನು ಮೊದಲು ಬದಿಗಿಡಿ: ವಿದೇಶ ಪ್ರವಾಸಕ್ಕೆ ನಾನು ಚೀಲ ತುಂಬುವ ರೀತಿ

ಕಲಬುರಗಿಯ ನಮ್ಮ ಮನೆಯಲ್ಲಿ ಪ್ರವಾಸದ ಚೀಲ ತುಂಬುವ ಕೆಲಸ ಮೊದಲಿನಿಂದಲೂ ನನ್ನದು. ಮೈದುನ ಶಾರ್ಜಾದಲ್ಲಿ ನೌಕರಿಗೆ ಸೇರಿದ ಮೇಲೆ ಆ ಕಡೆ ಹೋಗಿ ಬರುವುದು ಶುರುವಾಯಿತು, ಅತ್ತೆಯವರನ್ನು ಕರೆದುಕೊಂಡು ಸಿಂಗಪುರಕ್ಕೂ ಹೋಗಿ ಬಂದೆವು. ಈಗ ಓಣಿಯವರು ಯಾರಾದರೂ ನಾಲ್ಕೈದು ದಿನದ ಮಟ್ಟಿಗೆ ಹೊರದೇಶಕ್ಕೆ ಹೊರಟರೆ ನಮ್ಮ ಮನೆಗೆ ಬಂದು ಕೇಳಿ ಹೋಗುತ್ತಾರೆ. ಎಲ್ಲರೂ ಕೇಳುವುದು ಒಂದೇ: ಏನೇನು ಒಯ್ಯಬೇಕು? ಏನೇನು ಒಯ್ಯಬಾರದು ಎಂಬುದರಿಂದ ಶುರು ಮಾಡಿ ಎಂದು ನಾನು ಹೇಳುತ್ತೇನೆ. ಚಿಕ್ಕ ಪ್ರವಾಸದಲ್ಲಿ ಒಂದು ಅಂಗಿ ಕಡಿಮೆ ಬಿದ್ದರೆ ಅಲ್ಲಿಯೇ ಕೊಳ್ಳಬಹುದು. ಒಯ್ಯಬಾರದ ವಸ್ತು ಚೀಲದಲ್ಲಿ ಸಿಕ್ಕಿದರೆ ಆ ದಿನವೇ ಹಾಳು.

ನಮ್ಮ ಭಾಗದವರು ಗಮನಿಸಬೇಕಾದ ಮೊದಲ ವಸ್ತು ಕೊಬ್ಬರಿ. ದೂರದ ಪ್ರಯಾಣಕ್ಕೆ ಹೊರಟ ಹೆಣ್ಣುಮಕ್ಕಳಿಗೆ ಹಿಂದಿನ ದಿನ ತವರಿನವರೋ ಅಕ್ಕಪಕ್ಕದವರೋ ಉಡಿ ತುಂಬುತ್ತಾರೆ. ಅಕ್ಕಿ, ಉತ್ತತ್ತಿ, ಅರಿಸಿನದ ಕೊಂಬು, ಕೊಬ್ಬರಿ ಬಟ್ಟಲು ಎಲ್ಲವೂ ಆ ಸೆರಗಿನಿಂದ ನೇರವಾಗಿ ಚೀಲಕ್ಕೆ ಇಳಿಯುತ್ತವೆ. ಒಣ ಕೊಬ್ಬರಿಯಲ್ಲಿ ಎಣ್ಣೆಯ ಅಂಶ ಬಹಳ. ಬಿಸಿಯಲ್ಲಿ ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಲ್ಲದು ಎಂಬ ಕಾರಣಕ್ಕೆ ವಿಮಾನ ಸಾಗಣೆಯ ನಿಯಮಗಳು ಅದನ್ನು ಅಪಾಯಕಾರಿ ವಸ್ತುಗಳ ಸಾಲಿಗೆ ಸೇರಿಸಿವೆ. ವಿಮಾನ ಸಂಸ್ಥೆಯವರಿಗೆ ಒಪ್ಪಿಸುವ ದೊಡ್ಡ ಚೀಲದಲ್ಲಿ ಇಟ್ಟರೆ ತಪಾಸಣೆಯಲ್ಲಿ ತೆಗೆಸುತ್ತಾರೆ. ಪೂಜೆಯ ಕರ್ಪೂರ, ಬೆಂಕಿಪೊಟ್ಟಣಗಳಿಗೂ ಜಾಗವಿಲ್ಲ. ಉಡಿಯ ಸಾಮಾನನ್ನು ನಾನು ಜಗಲಿಯ ಮೇಲೆ ದೇವರ ಮುಂದೆ ಇಟ್ಟು, ಒಂದು ಅರಿಸಿನದ ಕೊಂಬನ್ನು ಮಾತ್ರ ಪರ್ಸಿನಲ್ಲಿ ಹಾಕಿಕೊಂಡು ಹೊರಡುತ್ತೇನೆ. ಹಿರಿಯರಿಗೂ ಸಮಾಧಾನ, ತಪಾಸಣೆಯವರಿಗೂ ತಕರಾರಿಲ್ಲ.

ಎರಡನೆಯದು ಗಸಗಸೆ. ಅದು ಅಫೀಮಿನ ಗಿಡದ ಬೀಜ. ಶಾರ್ಜಾ, ದುಬೈಗಳಿರುವ ಯುಎಇ ದೇಶ ಅದನ್ನು ಮಾದಕ ವಸ್ತುಗಳ ಲೆಕ್ಕದಲ್ಲಿ ನೋಡುತ್ತದೆ, ಸಿಂಗಪುರದಲ್ಲಿಯೂ ಇದೇ ಕಾರಣಕ್ಕೆ ತಡೆ ಇದೆ. ಗಸಗಸೆಯ ಪೊಟ್ಟಣವನ್ನು ಯಾರೂ ಬೇಕೆಂದು ಒಯ್ಯುವುದಿಲ್ಲ, ಆದರೆ ಅದು ನಮ್ಮ ತಿನಿಸುಗಳ ಒಳಗೆ ಕುಳಿತಿರುತ್ತದೆ. ಅನಾರಸದ ಮೇಲೆ ಉದುರಿಸಿದ್ದು ಗಸಗಸೆ. ಅಂಟಿನ ಉಂಡೆಯಲ್ಲಿ ಗಸಗಸೆ, ಮನೆಯ ಮಸಾಲೆ ಪುಡಿಯಲ್ಲಿಯೂ ಹುರಿದ ಗಸಗಸೆ. ದೀಪಾವಳಿ ಮುಗಿಸಿ ಶಾರ್ಜಾಕ್ಕೆ ಹೊರಟಾಗ ನೆಗೆಣ್ಣಿಗೆಂದು ಅತ್ತೆಯವರು ಅನಾರಸ ಕಟ್ಟಿಟ್ಟಿದ್ದರು. ಅದನ್ನು ತೆಗೆದಿಟ್ಟು ಶೇಂಗಾ ಹೋಳಿಗೆ ಹಾಕಿದೆ. ಯಾರಾದರೂ ತಮ್ಮ ಮಗನಿಗೆ ಕೊಡಲು ಕಟ್ಟಿ ತಂದ ಡಬ್ಬಿಯನ್ನೂ ಎದುರಿಗೇ ಬಿಚ್ಚಿಸಿ ನೋಡುತ್ತೇನೆ. ಬೇಸರ ಮಾಡಿಕೊಂಡರೂ ಪರವಾಗಿಲ್ಲ, ಚೀಲ ನನ್ನ ಹೆಸರಿನಲ್ಲಿ ಇರುತ್ತದೆ. ತಂಬಾಕಿನ ಮಾತೂ ಹೀಗೆಯೇ. ಸಿಂಗಪುರದಲ್ಲಿ ಅಗಿಯುವ ತಂಬಾಕು, ಇ-ಸಿಗರೇಟ್, ಚೂಯಿಂಗ್ ಗಮ್ ಮೂರನ್ನೂ ಒಳಗೆ ಬಿಡುವುದಿಲ್ಲ. ಅಂಗಿಯ ಜೇಬಿನಲ್ಲಿ ಉಳಿದ ಗುಟ್ಕಾ ಚೀಟಿಯನ್ನು ಕಲಬುರಗಿಯಲ್ಲಿಯೇ ಎಸೆದು ಹೊರಡಿ ಎಂದು ಗಂಡಸರಿಗೆ ಖಡಾಖಂಡಿತವಾಗಿ ಹೇಳುತ್ತೇನೆ.

ಔಷಧಿಗೆ ನಾನು ಒಂದು ಇಡೀ ಸಂಜೆ ಕೊಡುತ್ತೇನೆ. ಅತ್ತೆಯವರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇವೆ. ಅವರು ಮನೆಯಲ್ಲಿ ಮಾತ್ರೆಗಳನ್ನೆಲ್ಲ ಪಟ್ಟಿಯಿಂದ ಬಿಡಿಸಿ ಒಂದೇ ಡಬ್ಬಿಯಲ್ಲಿ ಹಾಕಿಕೊಂಡಿರುತ್ತಾರೆ. ಪ್ರವಾಸಕ್ಕೆ ಅದು ನಡೆಯುವುದಿಲ್ಲ. ಹೆಸರು ಕಾಣುವ ಮೂಲ ಪಟ್ಟಿಗಳೇ ಬೇಕು, ಜೊತೆಗೆ ವೈದ್ಯರ ಚೀಟಿ ಬೇಕು. ಆ ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆ ಔಷಧಿಯ ಮೂಲ ಹೆಸರನ್ನೂ ಬರೆಸಿಕೊಳ್ಳುತ್ತೇನೆ, ಏಕೆಂದರೆ ನಮ್ಮ ಕಂಪನಿಗಳ ಹೆಸರು ಅಲ್ಲಿನ ಔಷಧ ಅಂಗಡಿಯವರಿಗೆ ಗೊತ್ತಿರುವುದಿಲ್ಲ. ಯುಎಇಗೆ ಹೋಗುವವರು ಇನ್ನೊಂದು ಕೆಲಸ ಮಾಡಲೇಬೇಕು. ನೋವಿಗೆ ಕೊಡುವ ಟ್ರಮಡಾಲ್, ಕೆಲವು ಕೆಮ್ಮಿನ ಔಷಧಿಗಳಲ್ಲಿರುವ ಕೊಡೀನ್, ಸಕ್ಕರೆ ಕಾಯಿಲೆಯವರ ಕಾಲುರಿಗೆ ನಮ್ಮಲ್ಲಿ ಧಾರಾಳವಾಗಿ ಬರೆಯುವ ಪ್ರಿಗಾಬಾಲಿನ್ ಅಲ್ಲಿ ನಿಯಂತ್ರಿತ ಔಷಧಿಗಳು. ಅವನ್ನು ಒಯ್ಯಲು ಅಲ್ಲಿನ ಸರ್ಕಾರದ ಅನುಮತಿಯನ್ನು ಆನ್‌ಲೈನ್‌ನಲ್ಲಿ ಮೊದಲೇ ಪಡೆಯಬೇಕು. ಕಾಲುರಿ ಮಾತ್ರೆಯಲ್ಲಿ ಇಷ್ಟು ದೊಡ್ಡ ವಿಷಯ ಅಡಗಿದೆ ಎಂದು ನಮ್ಮ ಕಡೆ ಬಹಳ ಜನರಿಗೆ ತಿಳಿದಿಲ್ಲ. ಅದಕ್ಕೇ ಪ್ರತಿಯೊಬ್ಬರಿಗೂ ಈ ಹೆಸರನ್ನು ಒತ್ತಿ ಹೇಳುತ್ತೇನೆ.

ಇನ್ಸುಲಿನ್ ಯಾವಾಗಲೂ ಕೈಚೀಲದಲ್ಲಿ ಇರಬೇಕು. ವಿಮಾನದ ಹೊಟ್ಟೆಯಲ್ಲಿ ಅದು ಹೆಪ್ಪುಗಟ್ಟಬಹುದು, ಒಮ್ಮೆ ಹೆಪ್ಪುಗಟ್ಟಿದ್ದು ಮತ್ತೆ ಕೆಲಸಕ್ಕೆ ಬಾರದು. ಮೇ ತಿಂಗಳಿನಲ್ಲಿ ಹೊರಟರೆ ನಮಗೆ ವಿಮಾನಕ್ಕಿಂತ ಮುಂಚಿನ ಕಷ್ಟವೂ ಇದೆ. ಕಲಬುರಗಿಯಿಂದ ಹುಮನಾಬಾದ್, ಜಹೀರಾಬಾದ್ ಮೇಲೆ ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣ ಮುಟ್ಟುವವರೆಗೆ ಬಿಸಿಲು ನಲವತ್ತು ಡಿಗ್ರಿ ದಾಟಿರುತ್ತದೆ. ಡಿಕ್ಕಿಯಲ್ಲಿಟ್ಟರೆ ಔಷಧಿ ಕಾದು ಕೆಡುತ್ತದೆ. ಆದ್ದರಿಂದ ಅದು ನನ್ನ ಕಾಲ ಬಳಿ, ತಂಪು ಚೀಲದಲ್ಲಿ ಬರುತ್ತದೆ. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದೆ, ದುಬೈ ಒಂದೂವರೆ ಗಂಟೆ ಹಿಂದೆ. ಊಟಕ್ಕೆ ಮುಂಚಿನ ಔಷಧಿಯ ಹೊತ್ತನ್ನು ಹೊರಡುವ ಮೊದಲೇ ವೈದ್ಯರಲ್ಲಿ ಕೇಳಿ ಅದೇ ಚೀಟಿಯ ಹಿಂದೆ ಬರೆದುಕೊಳ್ಳುತ್ತೇನೆ.

ಇನ್ನು ರೊಟ್ಟಿ. ನಾಲ್ಕು ದಿನಕ್ಕೆ ಊಟ ಕಟ್ಟಿಕೊಂಡು ಹೋಗುವುದೇಕೆ ಎಂದು ಕೇಳುವವರಿದ್ದಾರೆ. ಸಿಂಗಪುರದ ಲಿಟಲ್ ಇಂಡಿಯಾದಲ್ಲಿ ಸಸ್ಯಾಹಾರದ ಹೋಟೆಲುಗಳಿಗೆ ಕೊರತೆಯಿಲ್ಲ ಎಂಬುದು ನಿಜ. ಆದರೆ ವಿಮಾನ ಇಳಿದು ಹೋಟೆಲಿನ ಕೋಣೆ ಸೇರುವ ಹೊತ್ತಿಗೆ ಎಪ್ಪತ್ತು ದಾಟಿದವರಿಗೆ ಮತ್ತೆ ಹೊರಗೆ ನಡೆಯುವ ಶಕ್ತಿ ಇರುವುದಿಲ್ಲ, ಸಕ್ಕರೆ ಕಾಯಿಲೆಯವರು ಉಪವಾಸ ಇರುವಂತೆಯೂ ಇಲ್ಲ. ಅಂಥ ಹೊತ್ತಿಗೆ ಖಡಕ್ ರೊಟ್ಟಿಯಷ್ಟು ಒದಗಿ ಬರುವ ಆಹಾರ ಬೇರೊಂದನ್ನು ನಾನು ಕಂಡಿಲ್ಲ. ನೀರಿನ ಅಂಶವಿಲ್ಲ, ತೂಕವಿಲ್ಲ, ವಾರಗಟ್ಟಲೆ ಕೆಡುವುದಿಲ್ಲ. ಇರುವ ತೊಂದರೆ ಒಂದೇ, ಮುರಿಯುತ್ತದೆ. ಹೊರಡುವ ಎರಡು ದಿನ ಮೊದಲೇ ಬಡಿದು, ಒಲೆಯ ಬದಿಗೆ ನಿಲ್ಲಿಸಿ ಪೂರ್ತಿ ಗರಿಯಾಗುವವರೆಗೆ ಒಣಗಿಸುತ್ತೇನೆ. ನಡುವೆ ತುಸುವಾದರೂ ಮೆತ್ತಗೆ ಉಳಿದರೆ ಸಿಂಗಪುರದ ತೇವಕ್ಕೆ ಬೂಸು ಹಿಡಿಯುತ್ತದೆ. ದಿನಕ್ಕೆ ಇಷ್ಟೆಂದು ಎಣಿಸಿ, ತೆಳು ಬಟ್ಟೆಯಲ್ಲಿ ಸುತ್ತಿ, ಮೇಲೊಂದು ಕೆಳಗೊಂದು ಸ್ಟೀಲ್ ತಾಟು ಮುಚ್ಚಿ ದಾರದಿಂದ ಬಿಗಿಯುತ್ತೇನೆ. ಆ ತಾಟುಗಳೇ ಅಲ್ಲಿ ಊಟಕ್ಕೂ ಆಗುತ್ತವೆ. ಈ ಕಟ್ಟು ಚೀಲದ ನಟ್ಟನಡುವೆ, ಸುತ್ತಲೂ ಬಟ್ಟೆ ಬರುವಂತೆ ಕೂರುತ್ತದೆ. ಬಡಿಯಲು ಪುರುಸೊತ್ತಿಲ್ಲದವರಿಗೆ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಮಾಡುವ ‘ಕಲಬುರಗಿ ರೊಟ್ಟಿ’ ಪೊಟ್ಟಣದಲ್ಲಿಯೇ ಸಿಗುತ್ತದೆ. ಮುದ್ರೆ ಒಡೆಯದ ಪೊಟ್ಟಣವಾದರೆ ಒಳಗೇನಿದೆ ಎಂದು ವಿವರಿಸುವುದೂ ಸುಲಭ.

ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ ಎಂಬ ಒಣ ಚಟ್ನಿಪುಡಿಗಳು. ಎರಡನ್ನೂ ಕೊಬ್ಬರಿ ಹಾಕದೆ ಕುಟ್ಟುತ್ತೇನೆ. ಖಾರದ ಪುಡಿ, ಹಿಂಡಿ, ಉಪ್ಪಿನಕಾಯಿ ಇವೆಲ್ಲ ದೊಡ್ಡ ಚೀಲದಲ್ಲಿಯೇ ಇರಬೇಕು, ಕೈಚೀಲದಲ್ಲಿ ಬಿಡುವುದಿಲ್ಲ. ಅಲ್ಲಿ ಮೊಸರು ಎಲ್ಲಾದರೂ ಸಿಗುತ್ತದೆ. ರೊಟ್ಟಿ ಮುರಿದು, ಹಿಂಡಿ ಉದುರಿಸಿ, ಮೊಸರು ಹಾಕಿದರೆ ಊಟ ಆಯಿತು. ನೀರಿಗೆ ಖಾಲಿ ಸ್ಟೀಲ್ ಬಾಟಲಿ ಒಯ್ಯುತ್ತೇನೆ. ತಪಾಸಣೆ ದಾಟಿದ ಮೇಲೆ ತುಂಬಿಕೊಂಡರಾಯಿತು, ಸಿಂಗಪುರದಲ್ಲಂತೂ ನಲ್ಲಿಯ ನೀರನ್ನೇ ಕುಡಿಯಬಹುದು.

ಅತ್ತೆಯವರ ಪೂಜೆಯ ಸಾಮಾನಿಗೆ ಬೇರೆಯೇ ಒಂದು ಪುಟ್ಟ ಚೀಲ. ವಿಭೂತಿಯನ್ನು ಪುಡಿ ಮಾಡಿ ಡಬ್ಬಿಗೆ ಹಾಕುವ ಬದಲು ಗಟ್ಟಿಯಾಗಿಯೇ ಒಯ್ಯುತ್ತೇವೆ, ಅದೂ ದೊಡ್ಡ ಚೀಲದಲ್ಲಿ. ಹೆಸರಿಲ್ಲದ ಬಿಳಿ ಪುಡಿ ಕಂಡರೆ ಯಾವ ದೇಶದ ಅಧಿಕಾರಿಯಾದರೂ ನಿಲ್ಲಿಸಿ ಕೇಳುತ್ತಾನೆ. ಕೊರಳಿನ ಇಷ್ಟಲಿಂಗವನ್ನು ಅವರು ತೆಗೆಯುವುದಿಲ್ಲ. ಬೆಳ್ಳಿಯ ಕರಡಿಗೆಗೆ ಯಂತ್ರ ಸದ್ದು ಮಾಡುತ್ತದೆ. ಸಾಲಿನಲ್ಲಿ ನಿಂತಾಗಲೇ ಮಹಿಳಾ ಸಿಬ್ಬಂದಿಗೆ ತಿಳಿಸಿದರೆ ಪರದೆಯ ಒಳಗೆ ಗೌರವದಿಂದ ನೋಡಿ ಕಳಿಸುತ್ತಾರೆ.

ಬಟ್ಟೆಯ ವಿಷಯದಲ್ಲಿ ನಮ್ಮ ಊರಿನ ರೂಢಿ ಅಲ್ಲಿ ನಡೆಯುವುದಿಲ್ಲ. ಕಲಬುರಗಿಯ ಬೇಸಿಗೆಯಲ್ಲಿ ದಪ್ಪ ಹತ್ತಿಯ ಪತ್ತಲವನ್ನು ಒಗೆದು ಮಾಳಿಗೆಯ ಮೇಲೆ ಹಾಕಿದರೆ ಅರ್ಧ ಗಂಟೆಗೆ ಒಣಗಿ ಹಪ್ಪಳವಾಗುತ್ತದೆ. ಸಿಂಗಪುರ ಭೂಮಧ್ಯರೇಖೆಗೆ ಅಂಟಿಕೊಂಡ ಊರು, ವರ್ಷವಿಡೀ ಮಳೆ, ಗಾಳಿಯಲ್ಲೆಲ್ಲ ನೀರು. ಅಲ್ಲಿ ರಾತ್ರಿ ಹಿಂಡಿ ಹಾಕಿದ ಹತ್ತಿ ಬಟ್ಟೆ ಬೆಳಗ್ಗೆಯೂ ತೇವವಾಗಿಯೇ ಇರುತ್ತದೆ. ಹಾಗಾಗಿ ಇಳಕಲ್ ಸೀರೆಯನ್ನು ಕಪಾಟಿನಲ್ಲಿಯೇ ಬಿಟ್ಟು, ಅತ್ತೆಯವರಿಗೆ ಬೇಗ ಒಣಗುವ ತೆಳು ಸಿಂಥೆಟಿಕ್ ಸೀರೆಗಳನ್ನು ಹಾಕುತ್ತೇನೆ. ಉಳಿದವರಿಗೆ ಮೂರು ಜೊತೆ ಸಾಕು: ಒಂದು ಮೈಮೇಲೆ, ಒಂದು ಚೀಲದಲ್ಲಿ, ಒಂದು ಒಗೆದು ಹಾಕಿದ್ದು. ಹೊರಗೆ ಎಷ್ಟೇ ಸೆಖೆ ಇದ್ದರೂ ಮಾಲ್, ಮೆಟ್ರೊ, ವಿಮಾನಗಳ ಒಳಗೆ ಎಸಿಯ ಚಳಿ. ಅದಕ್ಕೆ ತಲೆಗೊಂದು ಶಾಲು ಸಾಕು, ಸೊಲ್ಲಾಪುರದ ಚಾದರ ಬೇಡ. ಜನವರಿಯಲ್ಲಿ ದುಬೈಗೆ ಹೋಗುವವರು ಮಾತ್ರ ಒಂದು ಸ್ವೆಟರ್ ಇಟ್ಟುಕೊಳ್ಳಬೇಕು, ಮರುಭೂಮಿಯ ರಾತ್ರಿ ತಂಪಾಗಿರುತ್ತದೆ. ಚಪ್ಪಲಿ, ಬೂಟು ಹೊಸದಾಗಿ ಕೊಳ್ಳಬೇಡಿ. ಊರಿನಲ್ಲಿ ತಿಂಗಳುಗಟ್ಟಲೆ ಮೆಟ್ಟಿ ಪಳಗಿದ್ದೇ ಒಳ್ಳೆಯದು.

ದುಬೈ, ಸಿಂಗಪುರ ಎರಡೂ ಕಡೆ ಗೋಡೆಯ ಪ್ಲಗ್ಗಿಗೆ ಮೂರು ಚಪ್ಪಟೆ ಕಾಲು. ನಮ್ಮ ದುಂಡು ಪಿನ್ ಅಲ್ಲಿ ಹಿಡಿಯುವುದಿಲ್ಲ. ವಿದ್ಯುತ್ತು ನಮ್ಮಷ್ಟೇ 230 ವೋಲ್ಟ್ ಇರುವುದರಿಂದ ದೊಡ್ಡ ಯಂತ್ರವೇನೂ ಬೇಡ, ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆಯ ಎಲೆಕ್ಟ್ರಿಕ್ ಅಂಗಡಿಯಲ್ಲಿ ಒಂದು ಅಡಾಪ್ಟರ್ ಕೊಂಡರಾಯಿತು. ಒಬ್ಬೊಬ್ಬರಿಗೆ ಒಂದೊಂದು ಕೊಳ್ಳುವ ಬದಲು ಮನೆಯ ಚಿಕ್ಕ ಎಕ್ಸ್‌ಟೆನ್ಶನ್ ಬೋರ್ಡನ್ನು ಒಯ್ದರೆ ಒಂದೇ ಅಡಾಪ್ಟರ್‌ನಲ್ಲಿ ಎಲ್ಲರ ಮೊಬೈಲ್ ಚಾರ್ಜ್ ಆಗುತ್ತವೆ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲಿಯೇ ಇರಬೇಕು, ಮಿತಿ 100 ವ್ಯಾಟ್-ಅವರ್. ಸಾಮಾನ್ಯವಾಗಿ ಸಿಗುವ 20,000 ಎಂಎಎಚ್ ಪವರ್ ಬ್ಯಾಂಕ್ 74 ವ್ಯಾಟ್-ಅವರ್ ಆಗುತ್ತದೆ, ಚಿಂತೆಯಿಲ್ಲ. ಆದರೆ 2025ರಿಂದ ಸಿಂಗಪುರ ಏರ್‌ಲೈನ್ಸ್, ಎಮಿರೇಟ್ಸ್‌ನಂಥ ಸಂಸ್ಥೆಗಳು ವಿಮಾನದೊಳಗೆ ಅದನ್ನು ಬಳಸುವುದನ್ನೇ ನಿಲ್ಲಿಸಿವೆ. ಹೊರಡುವ ಮೊದಲೇ ಮೊಬೈಲನ್ನು ಪೂರ್ತಿ ಚಾರ್ಜ್ ಮಾಡಿಕೊಳ್ಳಿ.

ಕಾಗದಪತ್ರ ಬೇಗ ಹೇಳಿ ಮುಗಿಸಬಹುದು. ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳು ಇರಬೇಕು. ವೀಸಾ, ಟಿಕೆಟ್, ಹೋಟೆಲಿನ ವಿಳಾಸ ಇವು ಮೊಬೈಲಿನಲ್ಲಿ ಇದ್ದರೂ ಝೆರಾಕ್ಸ್ ಮಾಡಿಸಿ ಪ್ರತಿಯೊಬ್ಬರ ಕೈಚೀಲದಲ್ಲಿ ಒಂದೊಂದು ಪ್ರತಿ ಇಡುತ್ತೇನೆ. ಸಿಂಗಪುರಕ್ಕಾದರೆ ಆಗಮನದ ಅರ್ಜಿಯನ್ನು ತಲುಪುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು, ಸರ್ಕಾರಿ ಜಾಲತಾಣದಲ್ಲಿ ಅದಕ್ಕೆ ಶುಲ್ಕವಿಲ್ಲ. ನಮ್ಮ ರೂಪಾಯಿ ನೋಟುಗಳನ್ನು ತಲೆಗೆ 25,000 ರೂಪಾಯಿಯವರೆಗೆ ಮಾತ್ರ ಒಯ್ಯಬಹುದು. ಹಿಂತಿರುಗಿದ ರಾತ್ರಿ ಕಾರಿನ ಬಾಡಿಗೆಗೆಂದು ಒಂದಿಷ್ಟನ್ನು ಬೇರೆ ಇಟ್ಟಿರುತ್ತೇನೆ. ಬಂಗಾರದ ಬಗ್ಗೆ ನನ್ನ ಮಾತು ಗಟ್ಟಿ: ತಾಳಿ, ಕಿವಿಯೋಲೆ ಬಿಟ್ಟು ಉಳಿದದ್ದು ಮನೆಯಲ್ಲಿರಲಿ. ಹಾಕಿಕೊಂಡೇ ಹೋಗಬೇಕು ಎನ್ನುವವರು ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್ ಕೌಂಟರಿನಲ್ಲಿ ಒಡವೆ ತೋರಿಸಿ ಪ್ರಮಾಣಪತ್ರ ಪಡೆಯಬೇಕು. ಅದಿದ್ದರೆ ತಿರುಗಿ ಬರುವಾಗ ಅದೇ ಒಡವೆಗೆ ಸುಂಕದ ಪ್ರಶ್ನೆ ಏಳುವುದಿಲ್ಲ.

ಎಲ್ಲ ತುಂಬಿದ ಮೇಲೆ ತೂಕ. ಕೈಚೀಲಕ್ಕೆ ಬಹಳ ಕಡೆ ಏಳು ಕಿಲೊ ಮಿತಿ, ದೊಡ್ಡ ಚೀಲಕ್ಕೆ ಟಿಕೆಟಿನಲ್ಲಿ ಬರೆದಷ್ಟು. ಕೊಕ್ಕೆ ಇರುವ ಕೈತಕ್ಕಡಿಯಿಂದ ಮನೆಯಲ್ಲಿಯೇ ತೂಗಿ, ಮಿತಿಗಿಂತ ಮೂರು ಕಿಲೊ ಕಡಿಮೆ ಇರುವಂತೆ ನೋಡಿಕೊಳ್ಳುತ್ತೇನೆ. ಬರುವಾಗ ರೊಟ್ಟಿ ಖಾಲಿಯಾದ ಜಾಗಕ್ಕೆ ಖರ್ಜೂರ ಬರುತ್ತದೆ, ಮಕ್ಕಳ ಆಟಿಕೆ ಬರುತ್ತದೆ. ಕೊನೆಗೆ ಚೀಲಕ್ಕೆ ಬೀಗ ಹಾಕುವ ಮುನ್ನ ತೆರೆದ ಚೀಲದ ಒಂದು ಫೋಟೊ ತೆಗೆದು ಇಟ್ಟುಕೊಳ್ಳುತ್ತೇನೆ. ಚೀಲ ತಡವಾಗಿ ಬಂದರೆ ಅಥವಾ ಕಳೆದುಹೋದರೆ ವಿಮಾನ ಸಂಸ್ಥೆಯವರು ಒಳಗೆ ಏನೇನಿತ್ತು ಎಂದು ಬರೆಸಿಕೊಳ್ಳುತ್ತಾರೆ. ಆಗ ನೆನಪು ಮಾಡಿಕೊಳ್ಳುತ್ತಾ ಕೂರುವ ಬದಲು ಆ ಫೋಟೊ ನೋಡಿ ಬರೆದುಕೊಟ್ಟರಾಯಿತು.