ಎಲೆಕ್ಟ್ರಿಕ್ ಕಾರೋ ಪೆಟ್ರೋಲ್ ಕಾರೋ: ಲೆಕ್ಕ ಮೀಟರ್ ಬೋರ್ಡಿನಿಂದ ಶುರುವಾಗಲಿ

ಯಾವ ಕಾರು ತಗೊಳ್ಳಲಿ ಎಂದು ಕೇಳಿದವರಿಗೆ ನಾನು ತಿರುಗಿ ಕೇಳುವುದು ಮೂರು ಮಾತು. ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ? ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ? ಅದರಲ್ಲಿ ಊರೊಳಗಿನದೆಷ್ಟು, ಹೆದ್ದಾರಿಯದೆಷ್ಟು? ಸನ್‌ರೂಫ್, ಟಚ್‌ಸ್ಕ್ರೀನ್ ಎಲ್ಲ ಆಮೇಲಿನ ಮಾತು. ಮನೆ, ಅಪಾರ್ಟ್‌ಮೆಂಟ್‌ಗಳಿಗೆ ಚಾರ್ಜರ್ ಕೂರಿಸುವುದು ನನ್ನ ಕಸುಬು, ಮನೆಯಲ್ಲಿ ಎರಡೂ ಬಗೆಯ ಕಾರು ಓಡುತ್ತವೆ. ಇಲ್ಲಿನ ಅಂಕಿಗಳು ಬೆಂಗಳೂರಿನವು. ನಿಮ್ಮೂರಿನ ದರ ಹಾಕಿ ಲೆಕ್ಕ ತೆಗೆದುಕೊಳ್ಳಿ.

ಸುಮಾರು 40 ಯೂನಿಟ್ (ಒಂದು ಯೂನಿಟ್ ಎಂದರೆ ಸಾವಿರ ವ್ಯಾಟ್-ಅವರ್) ಬ್ಯಾಟರಿಯ ಎಲೆಕ್ಟ್ರಿಕ್ ಕಾರು ಊರೊಳಗೆ ಕಿಲೋಮೀಟರಿಗೆ 120ರಿಂದ 140 ವ್ಯಾಟ್-ಅವರ್ ತಿನ್ನುತ್ತದೆ. ಗೋಡೆಯ ಪ್ಲಗ್ಗಿನಿಂದ ಬ್ಯಾಟರಿಗೆ ಹೋಗುವಷ್ಟರಲ್ಲಿ ಶೇ. 10ರಿಂದ 15ರಷ್ಟು ಶಾಖವಾಗಿ ಹೋಗುತ್ತದೆ. ಇದನ್ನು ಷೋರೂಮಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ, ಮೀಟರ್ ಮಾತ್ರ ಬಿಡುವುದಿಲ್ಲ. ಹಾಗಾಗಿ ಮೀಟರಿನಲ್ಲಿ ಓಡಿದ ಒಂದು ಯೂನಿಟ್‌ಗೆ 6.5 ಕಿ.ಮೀ. ಹಿಡಿಯಿರಿ. 2025-26ರ ಗೃಹಬಳಕೆ ದರ ಯೂನಿಟ್‌ಗೆ 5.80 ರೂ.; ಸರ್‌ಚಾರ್ಜ್, ತೆರಿಗೆ ಸೇರಿದರೆ 7 ರೂಪಾಯಿಯ ಹತ್ತಿರ. ಅಂದರೆ ಕಿ.ಮೀ.ಗೆ 1.10 ರೂ. ಅದೇ ಗಾತ್ರದ ಆಟೋಮ್ಯಾಟಿಕ್ ಪೆಟ್ರೋಲ್ ಕಾರು ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಲೀಟರ್‌ಗೆ 12 ಕಿ.ಮೀ. ಕೊಟ್ಟರೆ ಪುಣ್ಯ. ಲೀಟರ್‌ಗೆ 103 ರೂ. ಹಿಡಿದರೆ ಕಿ.ಮೀ.ಗೆ 8.60 ರೂ. ಎಸಿ ಹಾಕಿಕೊಂಡು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಒಂದು ಗಂಟೆ ನಿಂತರೆ ಪೆಟ್ರೋಲ್ ಕಾರು ಲೀಟರಿನ ಆಸುಪಾಸು ಸುಡುತ್ತದೆ; ಎಲೆಕ್ಟ್ರಿಕ್ ಕಾರಿನ ಎಸಿಗೆ ಹೋಗುವುದು ಒಂದು ಯೂನಿಟ್ಟಿನಷ್ಟು.

ಹೆದ್ದಾರಿಗೆ ಬಂದರೆ ಲೆಕ್ಕ ತಿರುಗುತ್ತದೆ. ಪೆಟ್ರೋಲ್ ಕಾರಿಗೆ ಹೆದ್ದಾರಿ ಹಿತ: 17 ಕಿ.ಮೀ. ಮೈಲೇಜ್, ಕಿ.ಮೀ.ಗೆ 6 ರೂ. ಎಲೆಕ್ಟ್ರಿಕ್ ಕಾರಿಗೆ ಗಾಳಿಯೇ ಶತ್ರು. ವೇಗ 80ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಒಂದೂವರೆ ಪಟ್ಟು ದಾಟುತ್ತದೆ, ಬಳಕೆ 160 ವ್ಯಾಟ್-ಅವರ್‌ಗೆ ಹೋಗುತ್ತದೆ. ಅಲ್ಲಿ ಮನೆಯ ಕರೆಂಟೂ ಇಲ್ಲ. ಫಾಸ್ಟ್ ಚಾರ್ಜರಿನಲ್ಲಿ ಜಿಎಸ್‌ಟಿ ಸೇರಿ ಯೂನಿಟ್‌ಗೆ 22 ರೂ. ಹಿಡಿದರೆ ಕಿ.ಮೀ.ಗೆ 3.60 ರೂ. ಊರೊಳಗೆ ಏಳೂವರೆ ರೂಪಾಯಿ ಇದ್ದ ಉಳಿತಾಯ ಹೆದ್ದಾರಿಯಲ್ಲಿ ಎರಡೂವರೆಗೆ ಇಳಿಯಿತು.

ಇನ್ನು ಗೃಹಜ್ಯೋತಿ. ಇದನ್ನು ಮರೆತು ಲೆಕ್ಕ ಹಾಕುವವರೇ ಹೆಚ್ಚು. 2022-23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿದಷ್ಟು ಯೂನಿಟ್ ಉಚಿತ, ಆದರೆ ತಿಂಗಳ ಬಳಕೆ 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಮನೆಗೆ 120 ಯೂನಿಟ್ ಸಾಕಾಗುತ್ತಿತ್ತು ಎನ್ನಿ, ಬಿಲ್ ಸೊನ್ನೆ. ಕಾರು ತಿಂಗಳಿಗೆ 1,000 ಕಿ.ಮೀ. ಓಡಿದರೆ 154 ಯೂನಿಟ್, ಒಟ್ಟು 274. ಈಗ ಅಷ್ಟಕ್ಕೂ ದುಡ್ಡು: ಸುಮಾರು 1,900 ರೂ., ಮೇಲೆ ನಿಗದಿತ ಶುಲ್ಕ. ಕಾರಿನ ಖರ್ಚು ಕಿ.ಮೀ.ಗೆ 1.10 ರೂ. ಅಲ್ಲ, ಎರಡು ರೂಪಾಯಿ ದಾಟಿತು. ಪೆಟ್ರೋಲಿಗಿಂತ ಈಗಲೂ ಅಗ್ಗವೇ, ಆದರೆ ಅರ್ಧಕ್ಕರ್ಧ ವ್ಯತ್ಯಾಸ ಸಣ್ಣದಲ್ಲ. ದಾರಿಯೆಂದರೆ ಕಾರಿಗೆ ಬೇರೆ ಮೀಟರ್. ಇವಿ, ಅಂದರೆ ಎಲೆಕ್ಟ್ರಿಕ್ ವಾಹನದ ಚಾರ್ಜಿಂಗ್‌ಗೆ ಬೆಸ್ಕಾಂನಲ್ಲಿ ಪ್ರತ್ಯೇಕ ದರವರ್ಗ ಇದೆ. ಅರ್ಜಿ ಹಾಕುವಾಗ ಆ ವರ್ಗದಲ್ಲೇ ಕೇಳಿ ಪಡೆಯಿರಿ, ಸುಮ್ಮನೆ ಎರಡನೇ ಗೃಹಬಳಕೆ ಮೀಟರ್ ಹಾಕಿಸಬೇಡಿ.

ಕೊಳ್ಳುವ ಬೆಲೆಯನ್ನು ಆನ್-ರೋಡ್ ದರದಲ್ಲೇ ಹೋಲಿಸಿ. ಎಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ ಶೇ. 5. ಪೆಟ್ರೋಲ್‌ನಲ್ಲಿ 1,200 ಸಿಸಿ ಮತ್ತು 4 ಮೀಟರ್ ಉದ್ದದ ಒಳಗಿನವಕ್ಕೆ 2025ರ ಸೆಪ್ಟೆಂಬರ್ 22ರಿಂದ ಶೇ. 18, ದೊಡ್ಡವಕ್ಕೆ 40. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಪೆಟ್ರೋಲ್ ಕಾರಿಗೆ ಜೀವಾವಧಿ ತೆರಿಗೆ ಶೇ. 17, ಅದರ ಮೇಲೆ ಸೆಸ್. ಎಲೆಕ್ಟ್ರಿಕ್ ಕಾರುಗಳಿಗೆ 2016ರಿಂದ ವಿನಾಯಿತಿ ಇತ್ತು. 2024ರಲ್ಲಿ 25 ಲಕ್ಷ ದಾಟಿದವಕ್ಕೆ ಶೇ. 10 ಹಾಕಿದರು. ಇಂಥ ವಿನಾಯಿತಿ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುವಂಥದ್ದು. ಬುಕ್ ಮಾಡುವ ದಿನದ ಕೊಟೇಶನ್ನಿನಲ್ಲಿ ಆರ್‌ಟಿಒ ಸಾಲು ನೋಡದೆ ಮುಂಗಡ ಕೊಡಬೇಡಿ.

ವಿಮೆಯಲ್ಲಿ ಒಂದು ತಮಾಷೆ ಇದೆ. ಥರ್ಡ್ ಪಾರ್ಟಿ ಪ್ರೀಮಿಯಂನಲ್ಲಿ ಇವಿಗೆ ಶೇ. 15 ಕಡಿತ ಎಂದು ಹೇಳುತ್ತಾರೆ, ಸುಳ್ಳಲ್ಲ. ಆದರೆ ಪೆಟ್ರೋಲ್ ಕಾರಿಗೆ ವರ್ಗ ಕಟ್ಟುವುದು ಸಿಸಿ ಮೇಲೆ, ಇವಿಗೆ ಮೋಟಾರಿನ ಕಿಲೋವ್ಯಾಟ್ ಮೇಲೆ. 2022ರ ಜೂನ್ ದರಪಟ್ಟಿಯಲ್ಲಿ 1,000ದಿಂದ 1,500 ಸಿಸಿಗೆ ವರ್ಷಕ್ಕೆ 3,416 ರೂ., 65 ಕಿಲೋವ್ಯಾಟ್ ಮೀರಿದ ಇವಿಗೆ 6,712 ರೂ. ನೆಕ್ಸಾನ್‌ನ ಪೆಟ್ರೋಲ್ ಎಂಜಿನ್ 1.2 ಲೀಟರಿನದು, ಆದರೆ ಅದರ ಇವಿ ಮೋಟಾರ್ 65 ಕಿಲೋವ್ಯಾಟ್ ದಾಟುತ್ತದೆ. ಹೀಗಾಗಿ ಕಡಿತ ಸಿಕ್ಕೂ ಕಟ್ಟುವುದು ಹೆಚ್ಚುಕಡಿಮೆ ದುಪ್ಪಟ್ಟು. ಟಿಯಾಗೊ ಇವಿ 65ರ ಒಳಗಿರುವುದರಿಂದ 2,904 ರೂ.ಗೆ ಮುಗಿಯುತ್ತದೆ.

ಆನ್-ರೋಡ್ ಬೆಲೆಯ ವ್ಯತ್ಯಾಸ ಎರಡೂವರೆ ಲಕ್ಷ ಎಂದಿಟ್ಟುಕೊಳ್ಳಿ. ಊರೊಳಗಿನ ಓಟಕ್ಕೆ ಕಿ.ಮೀ.ಗೆ 7.50 ರೂ. ಉಳಿದರೆ ಸುಮಾರು 33,000 ಕಿ.ಮೀ.ಗೆ ಅಸಲು ಕೈಗೆ ಬರುತ್ತದೆ. ತಿಂಗಳಿಗೆ 1,200 ಕಿ.ಮೀ. ಓಡಿಸುವವರಿಗೆ ಅದು ಎರಡೂಕಾಲು ವರ್ಷ. 400 ಕಿ.ಮೀ. ಮಾತ್ರ ಓಡಿಸುವವರಿಗೆ ವರ್ಷಕ್ಕೆ ಉಳಿಯುವುದು 36,000 ರೂ.; ಆ ಎರಡೂವರೆ ಲಕ್ಷಕ್ಕೆ ಶೇ. 9ರ ಬಡ್ಡಿಯೇ 22,500. ಇಂಥವರಿಗೆ ನಾನು ಪೆಟ್ರೋಲ್ ಕಾರೇ ಸಾಕು ಎನ್ನುತ್ತೇನೆ, ಚಾರ್ಜರ್ ಕೂರಿಸುವ ಕೆಲಸ ಕೈತಪ್ಪಿದರೂ.

ಈಗ ವೈರಿಂಗ್. ಚಾರ್ಜಿಂಗ್ ತೊಂದರೆ ಎಂದು ಬರುವ ದೂರುಗಳಲ್ಲಿ ಕಾರಿನ ದೋಷ ಕಡಿಮೆ, ಮನೆಯ ವೈರಿಂಗ್ ದೋಷ ಜಾಸ್ತಿ.

ಕಾರಿನ ಜೊತೆ ಬರುವ ಪೋರ್ಟಬಲ್ ಚಾರ್ಜರ್ 3.3 ಕಿಲೋವ್ಯಾಟಿನದು, 15 ಆಂಪ್ಸ್ ಎಳೆಯುತ್ತದೆ. ಗೀಸರೂ ಅಷ್ಟೇ ಎಳೆಯುತ್ತದಲ್ಲ ಎನ್ನಬಹುದು. ಗೀಸರ್ ಕಾಲು ಗಂಟೆಗೆ ನಿಲ್ಲುತ್ತದೆ, ಕಾರು ಎಂಟು ಗಂಟೆ ಬಿಡದೆ ಎಳೆಯುತ್ತದೆ. ಸಾಕೆಟ್ಟಿನ ಹಿಂದಿನ ಸ್ಕ್ರೂ ಕೊಂಚ ಸಡಿಲವಿದ್ದರೂ ಅಲ್ಲಿ ಬಿಸಿ ಹುಟ್ಟಿ ಪ್ಲಾಸ್ಟಿಕ್ ಕಂದುತ್ತದೆ, ಆಮೇಲೆ ಕರಗುತ್ತದೆ. ಹಳೆಯ ಸಾಕೆಟ್ ಬಳಸಲೇಬೇಡಿ. ಮೀಟರ್ ಬೋರ್ಡಿನಿಂದ ನೇರ ಬೇರೆ ಲೈನ್ ಎಳೆಯಿರಿ: 4 ಚದರ ಮಿ.ಮೀ. ತಾಮ್ರದ ವೈರ್, 20 ಆಂಪ್ಸ್ ಸಿ-ಕರ್ವ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಬೀಳುವ ಸ್ವಿಚ್), 30 ಮಿಲಿಆಂಪ್ಸ್ ಟೈಪ್-ಎ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್), ಇಂಡಸ್ಟ್ರಿಯಲ್ ಸಾಕೆಟ್. ಮೊದಲ ದಿನ ಒಂದು ಗಂಟೆ ಚಾರ್ಜ್ ಆದ ಮೇಲೆ ಪ್ಲಗ್ಗಿನ ಹೊರಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ಜಾಯಿಂಟ್ ಸರಿಯಿಲ್ಲ. ವಾರದ ಬಳಿಕ ಮೇನ್ಸ್ ಆಫ್ ಮಾಡಿ ಸ್ಕ್ರೂಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ. ತಾಮ್ರ ಬಿಸಿಯಾಗಿ ತಣ್ಣಗಾಗುತ್ತಾ ಕೂರುವುದರಿಂದ ಸಡಿಲವಾಗುತ್ತದೆ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ.

ಗೋಡೆಗೆ ಕೂರುವ 7.2 ಕಿಲೋವ್ಯಾಟ್ ಚಾರ್ಜರಿಗೆ 32 ಆಂಪ್ಸ್ ಬೇಕು. ದೂರ ಕಡಿಮೆಯಿದ್ದರೆ 6 ಚದರ ಮಿ.ಮೀ., ಜಾಸ್ತಿಯಿದ್ದರೆ 10, ಜೊತೆಗೆ 40 ಆಂಪ್ಸ್ ಎಂಸಿಬಿ. ಅಪಾರ್ಟ್‌ಮೆಂಟಿನಲ್ಲಿ ಮೀಟರ್ ರೂಮಿನಿಂದ ಪಾರ್ಕಿಂಗ್‌ಗೆ 40 ಮೀಟರ್ ಬಂತೆಂದರೆ 6 ಚದರ ಮಿ.ಮೀ. ವೈರಿನಲ್ಲಿ 8 ವೋಲ್ಟ್ ಬೀಳುತ್ತದೆ, 10ರಲ್ಲಿ 5 ವೋಲ್ಟ್‌ಗಿಂತ ಕಡಿಮೆ. ಸಂಜೆ ಹೊತ್ತು 205 ವೋಲ್ಟ್ ಬರುವ ಬಡಾವಣೆಗಳಲ್ಲಿ ಈ ಮೂರ್ನಾಲ್ಕು ವೋಲ್ಟೂ ಲೆಕ್ಕಕ್ಕೆ ಬರುತ್ತದೆ.

ಆದರೆ 7.2 ಎಲ್ಲರಿಗೂ ಬೇಕೇ? ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ 3.3ರಲ್ಲೇ ಹಾಕಿದರೂ 30 ಯೂನಿಟ್ ಹೋಗುತ್ತದೆ, ಅಂದರೆ 190 ಕಿ.ಮೀ. ಓಟ. ಊರೊಳಗೆ ದಿನಕ್ಕೆ ಅಷ್ಟು ಓಡಿಸುವವರು ಟ್ಯಾಕ್ಸಿಯವರು ಮಾತ್ರ. ದೊಡ್ಡ ಚಾರ್ಜರಿಗೆಂದು ಮಂಜೂರಾದ ಲೋಡ್ 4 ಕಿಲೋವ್ಯಾಟ್ ಏರಿಸಿದರೆ ನಿಗದಿತ ಶುಲ್ಕ 2025-26ರ ದರದಲ್ಲಿ ಕಿಲೋವ್ಯಾಟಿಗೆ 145 ರೂ.ನಂತೆ ತಿಂಗಳಿಗೆ 580 ರೂ. ಹೆಚ್ಚುವರಿ, ಕಾರು ಓಡಲಿ ಬಿಡಲಿ.

ಅರ್ತಿಂಗ್ ಇಲ್ಲದ ಕಡೆ ಚಾರ್ಜರ್ ಕೆಂಪು ದೀಪ ಹಾಕಿ ಕೂರುತ್ತದೆ. ಟಿವಿ, ಫ್ರಿಜ್ ನಡೆಯುತ್ತವೆ, ಕಾರು ಮಾತ್ರ ಚಾರ್ಜ್ ಆಗುವುದಿಲ್ಲ, ಏಕೆಂದರೆ ಕರೆಂಟ್ ಬಿಡುವ ಮೊದಲು ಅದು ಅರ್ತ್ ಪರೀಕ್ಷೆ ಮಾಡುತ್ತದೆ. ಮಲ್ಟಿಮೀಟರ್ ಹಿಡಿದು ನ್ಯೂಟ್ರಲ್ ಮತ್ತು ಅರ್ತ್ ನಡುವೆ ಅಳೆಯಿರಿ. ಎರಡು ಮೂರು ವೋಲ್ಟ್ ಇದ್ದರೆ ಚಿಂತೆಯಿಲ್ಲ. ಹತ್ತು ಹದಿನೈದು ಬಂದರೆ ಅರ್ತ್ ಗುಂಡಿ ಒಣಗಿದೆ, ಇಲ್ಲವೇ ನ್ಯೂಟ್ರಲ್ ಎಲ್ಲೋ ಸಡಿಲ. ಏಪ್ರಿಲ್ ಹೊತ್ತಿಗೆ ಮಣ್ಣು ಒಣಗುವ ಬಯಲುಸೀಮೆಯಲ್ಲಿ ಮಳೆಗಾಲದಲ್ಲಿ ಸರಿಯಿದ್ದ ಗುಂಡಿಯೇ ಕೈಕೊಡುತ್ತದೆ. ನೀರು ಹಾಕಿ ನೋಡಿ, ಪದೇ ಪದೇ ಹೀಗಾದರೆ ಬೇರೆ ಗುಂಡಿ ತೋಡಿಸಿ, ರೆಸಿಸ್ಟೆನ್ಸ್ 5 ಓಮ್ ಒಳಗೆ ಬರಲಿ. ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿದ್ದರೂ ಕೆಲವು ಚಾರ್ಜರ್ ಒಪ್ಪುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಕರೆಂಟ್ ಹೋಗಿ ಜನರೇಟರ್ ಬಂದಾಗ ಚಾರ್ಜಿಂಗ್ ನಿಂತರೆ ಕಾರನ್ನು ಬೈಯಬೇಡಿ. ಜನರೇಟರಿನ ನ್ಯೂಟ್ರಲ್ಲನ್ನು ಅರ್ತ್ ಮಾಡಿಲ್ಲದಿರಬಹುದು. ಮೂರು ಫೇಸ್ ಇರುವ ಮನೆಯಲ್ಲಿ ಗೀಸರ್ ಇಲ್ಲದ ಫೇಸಿಗೆ ಕಾರು ಹಾಕಿಸಿ.

ಸ್ವಂತ ಪಾರ್ಕಿಂಗ್ ಇಲ್ಲದೆ ರಸ್ತೆಬದಿ ಕಾರು ನಿಲ್ಲಿಸುವವರಿಗೆ ಇವಿ ಬೇಡ. ಊರೊಳಗಿನ ಓಟಕ್ಕೂ ಫಾಸ್ಟ್ ಚಾರ್ಜರನ್ನೇ ನಂಬಿದರೆ ದುಡ್ಡಿಗಿಂತ ಸಮಯ ಹೋಗುತ್ತದೆ.

ದೂರದ ಪ್ರಯಾಣಕ್ಕೆ ಬಂದರೆ, 40 ಯೂನಿಟ್ ಕಾರು 100ರ ವೇಗದಲ್ಲಿ ನಿಜವಾಗಿ ಕೊಡುವುದು 250 ಕಿ.ಮೀ. ಮೈಸೂರಿಗೆ ಹೋಗಿಬರಲು 290 ಕಿ.ಮೀ. ಆಗುತ್ತದೆ, ಅಲ್ಲಿ ಊಟದ ಹೊತ್ತಿಗೆ ಅರ್ಧ ಗಂಟೆ ಚಾರ್ಜ್ ಸಾಕು. ಶೇ. 80 ದಾಟಿದ ಮೇಲೆ ಚಾರ್ಜಿಂಗ್ ವೇಗ ಕುಸಿಯುವುದರಿಂದ ಅಲ್ಲಿಗೇ ಕಿತ್ತು ಹೊರಡಿ. ಶೇ. 20 ಇರುವಾಗಲೇ ಚಾರ್ಜರ್ ಹುಡುಕಿ, 5ಕ್ಕೆ ಬರುವವರೆಗೆ ಕಾಯಬೇಡಿ: ಗನ್ (ಕಾರಿಗೆ ಸಿಕ್ಕಿಸುವ ಚಾರ್ಜರಿನ ಹಿಡಿಕೆ) ಕೆಟ್ಟಿರಬಹುದು, ಕರೆಂಟ್ ಇಲ್ಲದಿರಬಹುದು, ಎರಡು ಗನ್ನಿನ ಯಂತ್ರದಲ್ಲಿ ಪಕ್ಕದ ಕಾರಿನೊಂದಿಗೆ ಶಕ್ತಿ ಹಂಚಿಕೆಯಾಗಿ ಒಂದು ಗಂಟೆಯ ಕೆಲಸ ಎರಡಾಗಬಹುದು. ಪೆಟ್ರೋಲ್ ಬಂಕಿನ ಐದು ನಿಮಿಷಕ್ಕೆ ಇವಿಯಲ್ಲಿ ಇನ್ನೂ ಉತ್ತರವಿಲ್ಲ.

ಘಟ್ಟದ ಲೆಕ್ಕವೇ ಬೇರೆ. ಕಾರು, ಜನ, ಸಾಮಾನು ಸೇರಿ 1,800 ಕಿಲೋ ತೂಕವನ್ನು ಶಿರಾಡಿ ಘಟ್ಟದಲ್ಲಿ ಗುಂಡ್ಯದಿಂದ ಸಕಲೇಶಪುರಕ್ಕೆ ಸುಮಾರು 800 ಮೀಟರ್ ಎತ್ತಲು 4 ಯೂನಿಟ್ ಬೇಕು, ನಷ್ಟ ಸೇರಿದರೆ ನಾಲ್ಕೂವರೆ. ರಸ್ತೆಯ ಓಟಕ್ಕೆ ಹೋಗುವುದು ಇದರ ಮೇಲೆ. ಇಳಿಯುವಾಗ ರೀಜನ್‌ನಿಂದ (ಮೋಟಾರೇ ಜನರೇಟರ್ ಆಗಿ ಬ್ಯಾಟರಿ ತುಂಬಿಸುವುದು) ವಾಪಸ್ ಬರುವುದು ಎರಡೂವರೆಯಷ್ಟು. ಆದ್ದರಿಂದ ಮಂಗಳೂರಿಗೆ ಹೋಗುವುದು ಸಲೀಸು, ಬರುವಾಗ ಶಿರಾಡಿ ಹತ್ತುವ ಮೊದಲು ಬ್ಯಾಟರಿಯಲ್ಲಿ ಶೇ. 40 ಇರಲಿ. ಇನ್ನೊಂದು: ಘಟ್ಟದ ಮೇಲಿನ ಹೋಮ್‌ಸ್ಟೇಗಳಲ್ಲಿ ರಾತ್ರಿ ಶೇ. 100 ತುಂಬಿಸಿ ಬೆಳಿಗ್ಗೆ ಘಟ್ಟ ಇಳಿಯಬೇಡಿ. ತುಂಬಿದ ಬ್ಯಾಟರಿಗೆ ರೀಜನ್ ಹಿಡಿಸುವುದಿಲ್ಲ, ಅಷ್ಟು ತೂಕವನ್ನೂ ಬ್ರೇಕ್ ಪ್ಯಾಡೇ ಹಿಡಿಯಬೇಕು. ಶೇ. 85ಕ್ಕೆ ನಿಲ್ಲಿಸಿ. ಪೆಟ್ರೋಲ್ ಕಾರಿನಲ್ಲಿ ಎರಡನೇ ಗೇರಿಗೆ ಹಾಕಿ ಇಳಿದರೆ ಇಂಧನ ಪೂರೈಕೆ ತಾನೇ ನಿಲ್ಲುತ್ತದೆ. ಖರ್ಚಿಲ್ಲ, ಆದರೆ ವಾಪಸ್ ಬರುವುದೂ ಏನಿಲ್ಲ.

ಸರ್ವಿಸ್ ವಿಷಯ ಚಿಕ್ಕದು. ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಕ್ಲಚ್ ಯಾವುದೂ ಇವಿಯಲ್ಲಿಲ್ಲ. ಟೈರ್ ಮಾತ್ರ ಬೇಗ ಸವೆಯುತ್ತದೆ: ತೂಕ ಹೆಚ್ಚು, ಎಳೆತ ತಟ್ಟನೆ ಬರುತ್ತದೆ. 8,000 ಕಿ.ಮೀ.ಗೊಮ್ಮೆ ಅದಲುಬದಲು ಮಾಡಿಸಿ. ಬ್ರೇಕ್ ಬಳಕೆ ಕಡಿಮೆಯಾದ್ದರಿಂದ ಕರಾವಳಿಯ ಮಳೆಗಾಲದಲ್ಲಿ ಡಿಸ್ಕ್ ತುಕ್ಕು ಹಿಡಿಯುತ್ತದೆ, ವಾರಕ್ಕೊಮ್ಮೆ ಖಾಲಿ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿ. ಬ್ಯಾಟರಿ ಕೂಲೆಂಟ್ ಕಡಿಮೆಯಾದರೆ ನಲ್ಲಿ ನೀರು ಸುರಿಯಬೇಡಿ, ಅದಕ್ಕೆ ಬೇರೆಯದೇ ದ್ರವ. ದೊಡ್ಡ ಬ್ಯಾಟರಿ ತುಂಬಿದ್ದರೂ 12 ವೋಲ್ಟಿನ ಚಿಕ್ಕ ಬ್ಯಾಟರಿ ಸತ್ತರೆ ಕಾರು ಏಳುವುದಿಲ್ಲ; ತಳ್ಳಿ ಸ್ಟಾರ್ಟ್ ಮಾಡುವ ಮಾತೇ ಇಲ್ಲ. ಹಗ್ಗ ಕಟ್ಟಿ ಎಳೆಯಲೂ ಬಾರದು, ಚಕ್ರ ತಿರುಗಿದರೆ ಮೋಟಾರ್ ಜನರೇಟರ್ ಆಗುತ್ತದೆ. ಫ್ಲಾಟ್‌ಬೆಡ್ ಲಾರಿಯೇ ಬೇಕು.

ಅಂಡರ್‌ಪಾಸಿನ ನೀರಿಗೆ ಇಳಿದರೆ ಪೆಟ್ರೋಲ್ ಎಂಜಿನ್ ಗಾಳಿಯ ದಾರಿಯಲ್ಲಿ ನೀರು ಕುಡಿದು ಕನೆಕ್ಟಿಂಗ್ ರಾಡ್ ಬಗ್ಗಿಸಿಕೊಳ್ಳುತ್ತದೆ. ನಿಂತ ಮೇಲೆ ಮತ್ತೆ ಕೀ ತಿರುಗಿಸುವುದೇ ದೊಡ್ಡ ಹಾನಿ. ಇವಿಗೆ ಆ ಭಯವಿಲ್ಲ. ಬ್ಯಾಟರಿ ಪೆಟ್ಟಿಗೆ ಐಪಿ67 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆಯ ಪರೀಕ್ಷೆ, ಅದೂ ಹೊಸದರಲ್ಲಿ. ನೀರಲ್ಲಿ ನಿಂತ ಕಾರನ್ನು ಇನ್ಸುಲೇಷನ್ ಪರೀಕ್ಷೆ ಆಗದೆ ಚಾರ್ಜಿಗೆ ಹಾಕಬೇಡಿ. ಇವಿಯ ನಿಜವಾದ ಶತ್ರು ನಮ್ಮ ರೋಡ್ ಹಂಪ್: ಹೊಟ್ಟೆಯಡಿ ಇರುವ ಪೆಟ್ಟಿಗೆಗೆ ಪೆಟ್ಟು ಬಿದ್ದರೆ ವಾರಂಟಿ ಬಾರದು, ಬ್ಯಾಟರಿಗೆ ಪ್ರತ್ಯೇಕ ಆಡ್-ಆನ್ ವಿಮೆ ಬೇಕು.

ಹಳೆಯ ಇವಿ ಕೊಳ್ಳುವವರು ಓಡೋಮೀಟರ್ ನೋಡಿ ತೃಪ್ತರಾಗಬೇಡಿ. ಸಾಮಾನ್ಯವಾಗಿ ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ.; ಎರಡನೇ ಮಾಲೀಕರಿಗೂ ಅಷ್ಟೇ ಇದೆಯೇ ಎಂದು ಕಾಗದದಲ್ಲಿ ಓದಿ. ಬಳಿಕ ಶೇ. 20ರಿಂದ 100ರವರೆಗೆ ಮನೆಯಲ್ಲೇ ನಿಧಾನ ಚಾರ್ಜಿಗೆ ಹಾಕಿ ಮೀಟರ್ ರೀಡಿಂಗ್ ಬರೆದಿಡಿ. 40 ಯೂನಿಟ್ ಬ್ಯಾಟರಿ ಚೆನ್ನಾಗಿದ್ದರೆ 32 ಯೂನಿಟ್ ಒಳಗೆ ಹೋಗಬೇಕು, ನಷ್ಟ ಸೇರಿ ಮೀಟರಿನಲ್ಲಿ 36ರ ಆಸುಪಾಸು ಓಡಬೇಕು. 30ಕ್ಕೇ ತುಂಬಿತು ಎಂದರೆ ಆ ಬ್ಯಾಟರಿ ಆರನೇ ಒಂದು ಪಾಲು ಸವೆದಿದೆ; ಬೆಲೆಯನ್ನೂ ಅದಕ್ಕೆ ತಕ್ಕಂತೆ ಇಳಿಸಿ ಕೇಳಿ.